ಊರಿನವರು ಕೊಂಡ ದೊಡ್ಡಮನೆ

ಹಳೆಯ ಊರೆಂದ ಮೇಲೆ ಅಲ್ಲೊಂದು ದೊಡ್ಡಮನೆ ಇದ್ದೇ ಇರುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಅದನ್ನು ವಾಡೆ ಎನ್ನುತ್ತಾರೆ, ತುಳುನಾಡಿನಲ್ಲಿ ಗುತ್ತಿನ ಮನೆ ಎನ್ನುತ್ತಾರೆ. ಇಂಗ್ಲಿಷರು ಅಂಥದನ್ನೇ ಮ್ಯಾನರ್ ಎಂದು ಕರೆದರು. ಹೆಸರು ಯಾವುದಾದರೇನು, ಕಥೆ ಮಾತ್ರ ಸುಮಾರಾಗಿ ಒಂದೇ. ಯಜಮಾನನೊಬ್ಬ ಕಟ್ಟಿಸುತ್ತಾನೆ, ಮಕ್ಕಳು ಬಾಳುತ್ತಾರೆ, ಮೊಮ್ಮಕ್ಕಳು ಪಾಲಿಗಾಗಿ ಜಗಳವಾಡುತ್ತಾರೆ, ಆಮೇಲೆ ಬಾವಲಿಗಳು ಬಂದು ಸೇರುತ್ತವೆ. ಈ ಕ್ರಮಕ್ಕೆ ಹೊರತಾದ ಒಂದು ದೊಡ್ಡಮನೆಯನ್ನು ನಾನು ನೋಡಿ ಬಂದೆ. ಅದರ ವಿಚಾರವಾಗಿ ನಾಲ್ಕು ಮಾತು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿದೆ.

ಬೇಸಗೆ ರಜೆಯಲ್ಲಿ ಮಗಳ ಮನೆಗೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಹೋಗಿದ್ದೆ. ಬೇಸಗೆಯೆಂದು ನಾವು ಹೇಳಬೇಕಷ್ಟೆ. ಅಲ್ಲಿ ಸ್ವೆಟರು ಹಾಕಿಕೊಂಡೇ ಹೊರಡಬೇಕಾಯಿತು. ನಗರದ ನಡುವಿನಿಂದ ಎರಡು ಮೈಲಿಯಷ್ಟು ದೂರದಲ್ಲಿ ಆಸ್ಟನ್ ಎಂಬ ಭಾಗವಿದೆ. ಒಂದು ಕಡೆ ಹೆಸರಾಂತ ಕಾಲ್ಚೆಂಡಾಟದ ಮೈದಾನ, ಇನ್ನೊಂದು ಕಡೆ ಹಗಲಿರುಳೂ ಮೊರೆಯುವ ಹೆದ್ದಾರಿ, ಸುತ್ತಲೂ ಕೂಲಿಕಾರರಿಗೆಂದು ಕಟ್ಟಿದ ಸಾಲು ಮನೆಗಳು. ಇವುಗಳ ನಡುವೆ, ಹುಲ್ಲುಹಾಸಿನ ದಿಬ್ಬದ ಮೇಲೆ, ಕೆಂಪು ಇಟ್ಟಿಗೆಯ ಗೋಪುರಗಳನ್ನೆತ್ತಿ ನಿಂತಿದೆ ಆಸ್ಟನ್ ಹಾಲ್. ಮೊದಲ ಸಲ ಹೋದಾಗ ಬಾಗಿಲು ಹಾಕಿತ್ತು. “ಅಪ್ಪಾ, ವಾರದ ಎಲ್ಲ ದಿನವೂ ತೆಗೆಯುವುದಿಲ್ಲವಂತೆ, ನಾನು ಮೊದಲೇ ವಿಚಾರಿಸಬೇಕಾಗಿತ್ತು” ಎಂದು ಮಗಳು ನೊಂದುಕೊಂಡಳು. ಎರಡನೆಯ ಸಲಕ್ಕೆ ದರ್ಶನವಾಯಿತು.

ಸರ್ ಥಾಮಸ್ ಹೋಲ್ಟ್ ಎಂಬ ಜಮೀನುದಾರ ಇದನ್ನು 1618ರಲ್ಲಿ ಕಟ್ಟಿಸಲು ತೊಡಗಿದ, ಮುಗಿದದ್ದು 1635ರಲ್ಲಿ. ಮನುಷ್ಯ ಬಲು ಕೋಪಿಷ್ಠನೆಂದು ಕಾಣುತ್ತದೆ. ಕತ್ತಿಯಿಂದ ತನ್ನ ಅಡಿಗೆಯವನ ತಲೆಯನ್ನು ಇಬ್ಭಾಗ ಮಾಡಿದನೆಂದು ಒಬ್ಬಾತ ಆಡಿಕೊಂಡನಂತೆ. ಹೋಲ್ಟ್ ಮಾನನಷ್ಟದ ದಾವೆ ಹೂಡಿದ. ಮೇಲಿನ ನ್ಯಾಯಾಧೀಶರು ಏನೆಂದರು ಗೊತ್ತೆ? ತಲೆ ಎರಡು ಹೋಳಾಯಿತೆಂದು ಪ್ರತಿವಾದಿ ಹೇಳಿದ್ದಾನೆಯೇ ಹೊರತು ಅಡಿಗೆಯವನು ಸತ್ತನೆಂದು ಹೇಳಿಲ್ಲ. ಆದ್ದರಿಂದ ಕೊಲೆಯ ಆರೋಪ ಮಾಡಿದಂತಾಗಲಿಲ್ಲ ಎಂದರು! ಮೂವತ್ತು ವರ್ಷ ವ್ಯಾಕರಣ ಹೇಳಿಕೊಟ್ಟ ನಾನೂ ಶಬ್ದಾರ್ಥವನ್ನು ಇಷ್ಟು ಬಿಗಿಯಾಗಿ ಹಿಡಿದವನಲ್ಲ. ಮನೆಯ ಅಡಿಗೆಕೋಣೆಯನ್ನು ನೋಡುವಾಗ ಈ ಕಥೆ ನೆನಪಾಗಿ ಸ್ವಲ್ಪ ಬೇಗನೆ ಹೊರಗೆ ಬಂದೆ.

ಒಳಗಿನ ವೈಭವವನ್ನು ಏನೆಂದು ಹೇಳಲಿ? ಗಾರೆಯಲ್ಲಿ ಬಳ್ಳಿ, ಹೂವು, ಪ್ರಾಣಿಗಳನ್ನು ಮೂಡಿಸಿದ ಛಾವಣಿಗಳು. ಮಹಡಿಯಲ್ಲಿ 136 ಅಡಿ ಉದ್ದದ ಒಂದು ಮೊಗಸಾಲೆ. ಅಷ್ಟುದ್ದದ ಮೊಗಸಾಲೆ ಏಕೆಂದರೆ, ಮಳೆಗಾಲವೋ ಬೇಸಗೆಯೋ ಗೊತ್ತಾಗದ ಆ ದೇಶದಲ್ಲಿ ಮನೆಯ ಹೆಂಗಸರೂ ಅತಿಥಿಗಳೂ ವಾಯುಸಂಚಾರವನ್ನು ಒಳಗೇ ಮುಗಿಸಿಕೊಳ್ಳಬೇಕಾಗಿತ್ತು. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ದೊಡ್ಡ ಮೆಟ್ಟಿಲು. ಕೆತ್ತನೆಯ ಓಕ್ ಮರದ ಕಟಕಟೆ ಒಂದೆಡೆ ಒಡೆದುಹೋಗಿದೆ. ಅರಸು ಚಾರ್ಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧವಾದಾಗ ಹೋಲ್ಟ್ ಅರಸನ ಕಡೆ ನಿಂತ. 1642ರ ಅಕ್ಟೋಬರಿನಲ್ಲಿ ಅರಸ ಇಲ್ಲಿ ತಂಗಿಯೂ ಹೋದ. ಮುಂದಿನ ವರ್ಷ ಪಾರ್ಲಿಮೆಂಟಿನ ಕಡೆಯವರು ಮನೆಗೆ ಮುತ್ತಿಗೆ ಹಾಕಿದರು. ಅವರ ಫಿರಂಗಿಯ ಗುಂಡು ಬಡಿದ ಗುರುತು ಅದು. ನಾಲ್ಕು ಶತಮಾನಗಳಿಗೆ ಸ್ವಲ್ಪವೇ ಕಡಿಮೆ ಕಾಲದಿಂದ ಆ ಗಾಯವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಇತಿಹಾಸದ ಪಾಠ ಹೇಳುವವರಿಗೆ ಅದೊಂದು ಹಲಗೆ ಸಾಲದೆ?

ಇಷ್ಟೇ ಆಗಿದ್ದರೆ ಇದೂ ಹತ್ತರಲ್ಲಿ ಹನ್ನೊಂದನೆಯ ದೊಡ್ಡಮನೆ ಎನ್ನಬಹುದಾಗಿತ್ತು. ಮುಂದಿನ ಕಥೆಯೇ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೋಲ್ಟ್ ಮನೆತನದ ಆಸ್ತಿ ಹರಿದು ಹಂಚಿಹೋಯಿತು. ಉಗಿಯಂತ್ರದ ಜೇಮ್ಸ್ ವಾಟ್‌ನ ಮಗ, ಅವನ ಹೆಸರೂ ಜೇಮ್ಸ್ ವಾಟ್, 1848ರಲ್ಲಿ ತೀರಿಕೊಳ್ಳುವವರೆಗೆ ಇಲ್ಲಿ ಬಾಡಿಗೆಗೆ ಇದ್ದ. ಅಷ್ಟು ಹೊತ್ತಿಗೆ ಕಾರ್ಖಾನೆಗಳ ಹೊಗೆ ಊರನ್ನೆಲ್ಲ ಕವಿದಿತ್ತು. ಕೂಲಿಯ ಜನಕ್ಕೆ ಹಸುರು ನೋಡಲು ಜಾಗವಿರಲಿಲ್ಲ. ಈ ಮನೆಯನ್ನೂ ತೋಟವನ್ನೂ ನಾವೇ ಏಕೆ ಕೊಳ್ಳಬಾರದು ಎಂದು ದುಡಿಯುವ ಜನರೇ ಮುಂದಾದರು. ಒಂದು ಕಂಪೆನಿ ಕಟ್ಟಿಕೊಂಡು ಷೇರು ಕೂಡಿಸಿದರು. 1858ರಲ್ಲಿ ವಿಕ್ಟೋರಿಯಾ ರಾಣಿಯೇ ಬಂದು ಅದನ್ನು ಜನರಿಗಾಗಿ ತೆರೆದಳು.

ಉತ್ಸಾಹ ದೊಡ್ಡದು, ಗಂಟು ಸಣ್ಣದು. ಕ್ರಯದ ಬಾಕಿ ತೀರಲಿಲ್ಲ. ಮನೆಯೇ ದುಡಿದು ತನ್ನ ಸಾಲ ತೀರಿಸಿಕೊಳ್ಳಲಿ ಎಂದು ತೋಟದಲ್ಲಿ ಜಾತ್ರೆಗಳನ್ನೂ ಸಾಹಸದ ಆಟಗಳನ್ನೂ ಏರ್ಪಡಿಸತೊಡಗಿದರು. 1863ರ ಜುಲೈ ತಿಂಗಳಲ್ಲಿ ಹಗ್ಗದ ಮೇಲೆ ನಡೆಯುವ ಹೆಣ್ಣುಮಗಳೊಬ್ಬಳು ಆಟಕ್ಕೆ ಬಂದಳು. ಆಕೆ ತುಂಬಿದ ಬಸುರಿ. ಹಗ್ಗ ಲಡ್ಡಾಗಿತ್ತು. ನೆರೆದ ಜನಸಾಗರದ ಕಣ್ಣೆದುರಿಗೇ ಅದು ಹರಿಯಿತು. ಆಕೆ ಬಿದ್ದು ಪ್ರಾಣಬಿಟ್ಟಳು. ತಾನು ತೆರೆದ ತೋಟದಲ್ಲಿ ಇಂಥದು ನಡೆಯಿತೆಂದು ವ್ಯಥೆಪಟ್ಟು ರಾಣಿ ಊರಿನ ಮೇಯರಿಗೆ ಕಾಗದ ಬರೆಸಿದಳು. ನಗರಸಭೆಗೆ ನಾಚಿಕೆಯಾಯಿತು. ಮರುವರ್ಷ, 1864ರಲ್ಲಿ, 26,000 ಪೌಂಡು ಕೊಟ್ಟು ಮನೆಯನ್ನೂ ತೋಟವನ್ನೂ ಊರಿನ ಹೆಸರಿಗೆ ಕೊಂಡಿತು. ಅದರಲ್ಲಿ ಒಂದು ಪಾಲು ದಾನಿಗಳು ಕೊಟ್ಟದ್ದು. ಇಂಗ್ಲೆಂಡಿನಲ್ಲಿ ನಗರಸಭೆಯ ಒಡೆತನಕ್ಕೆ ಬಂದ ಮೊದಲ ಐತಿಹಾಸಿಕ ದೊಡ್ಡಮನೆ ಇದೇ ಎನ್ನುತ್ತಾರೆ.

ಮುಂದೆ ಆ ನಗರಸಭೆಗೇ ಕಷ್ಟ ಬಂತು. 2023ರ ಸೆಪ್ಟೆಂಬರ್ 5ರಂದು, ಆದಾಯಕ್ಕೂ ಖರ್ಚಿಗೂ ಹೊಂದಿಕೆಯಾಗುತ್ತಿಲ್ಲವೆಂದು ಅದು ಕಾನೂನಿನ ಪ್ರಕಾರ ಪ್ರಕಟಿಸಿತು. ಜನ ಅದನ್ನು ದಿವಾಳಿಯೆಂದೇ ಕರೆದರು. ಗಂಡಸರಿಗೆ ಸಮನಾಗಿ ಹೆಂಗಸರಿಗೆ ಸಂಬಳ ಕೊಡದೆ ಉಳಿಸಿಕೊಂಡ ಬಾಕಿಯೇ 65ರಿಂದ 76 ಕೋಟಿ ಪೌಂಡಿನವರೆಗೆ ಆದೀತೆಂದು ಆಗ ಅಂದಾಜು ಮಾಡಿದ್ದರು. ಲೆಕ್ಕ ಬರೆಯಲು ತಂದ ಹೊಸ ಕಂಪ್ಯೂಟರ್ ವ್ಯವಸ್ಥೆಯೂ ಕೈಕೊಟ್ಟಿತ್ತು. 2024ರ ಮಾರ್ಚಿಯಲ್ಲಿ ಎರಡು ವರ್ಷಗಳಿಗಾಗಿ ಸುಮಾರು 30 ಕೋಟಿ ಪೌಂಡಿನ ಖರ್ಚು ಕಡಿತವನ್ನು ಒಪ್ಪಿದರು. ಮನೆಗಂದಾಯ ಆ ವರ್ಷ ನೂರಕ್ಕೆ ಹತ್ತರಷ್ಟು ಏರಿತು. ಊರಿನ ವಾದ್ಯವೃಂದ, ನಾಟಕಶಾಲೆ ಮೊದಲಾದವುಗಳಿಗೆ ಕೊಡುತ್ತಿದ್ದ ಸಹಾಯಧನವನ್ನು ಮೊದಲು ಅರ್ಧಕ್ಕೆ ಇಳಿಸಿ ಆಮೇಲೆ ಪೂರ್ತಿ ನಿಲ್ಲಿಸುವುದೆಂದಾಯಿತು. ವಸ್ತುಸಂಗ್ರಹಾಲಯದ ಚಿತ್ರಗಳನ್ನು ಮಾರಬೇಕಾದೀತೇ ಎಂಬ ಅಂಜಿಕೆಯ ಮಾತೂ ಎದ್ದಿತ್ತು. ಆಸ್ಟನ್ ಹಾಲನ್ನು 2012ರಿಂದ ಒಂದು ಧರ್ಮಸಂಸ್ಥೆ ನೋಡಿಕೊಳ್ಳುತ್ತಿದೆಯಾದರೂ ಸ್ವತ್ತು ನಗರಸಭೆಯದೇ. ಒಡೆಯನ ಕಣಜ ಬರಿದಾದರೆ ಆಳಿನ ಗಂಜಿ ತೆಳ್ಳಗಾಗಲೇಬೇಕು.

ತೋಟದ ಬೆಂಚಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಅಳಿಯನೊಡನೆ ಇದೇ ಮಾತು ಬಂತು. “ಮಾವ, ಮುದುಕರನ್ನು ನೋಡಿಕೊಳ್ಳುವುದಕ್ಕೆ ಹಣವಿಲ್ಲ, ಗ್ರಂಥಾಲಯಗಳಿಗೆ ಹಣವಿಲ್ಲ. ಹೀಗಿರುವಾಗ ಹೋಲ್ಟ್ ಸಾಹೇಬನ ಛಾವಣಿಗೆ ಯಾರು ಅಳುತ್ತಾರೆ ಹೇಳಿ?” ಎಂದರು. ಥಟ್ಟನೆ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಆ ಹೆಂಗಸರ ಸಂಬಳ ನ್ಯಾಯವಾದ ಋಣ, ಅದನ್ನು ತೀರಿಸಲೇಬೇಕು. ಮುದುಕರ ಮುಂದಿನ ತಟ್ಟೆಯನ್ನು ಕಸಿದು ಗೋಡೆಗೆ ಸುಣ್ಣ ಬಳಿಯಿರೆಂದು ಯಾರೂ ಹೇಳಲಾರರು.

ಆದರೆ ಆ ದಿನವೆಲ್ಲ ಯೋಚಿಸಿದ ಮೇಲೆ ನನಗೆ ತೋರಿದ್ದು ಇದು. ಈ ಮನೆ ಈಗ ಹೋಲ್ಟನದಲ್ಲ. ಷೇರು ಕೊಂಡ ಕೂಲಿಕಾರರದು, ಅವರ ಮರಿಮಕ್ಕಳದು. ಇಂದು ಆ ಸಾಲು ಮನೆಗಳಲ್ಲಿ ಇರುವವರಲ್ಲಿ ಪಾಕಿಸ್ತಾನ, ಬಾಂಗ್ಲಾದೇಶ, ಕೆರಿಬಿಯನ್ ದ್ವೀಪಗಳಿಂದ ಬಂದವರ ಸಂತತಿ ಬಹಳ. ಅವರೇನೂ ಸಿರಿವಂತರಲ್ಲ. ‘ಮನೆ ತಾನೇ ದುಡಿದುಕೊಳ್ಳಲಿ, ಪ್ರವೇಶದ ದರ ಏರಿಸಲಿ, ಮದುವೆಗಳಿಗೆ ಬಾಡಿಗೆ ಕೊಡಲಿ’ ಎನ್ನುವುದು ಈಗಿನವರ ಉಪಾಯ. ಒಂದಿಷ್ಟು ದುಡಿಯಲಿ, ತಪ್ಪಿಲ್ಲ. ಆದರೆ ದುಡಿದೇ ಬದುಕಬೇಕೆಂದರೆ ಎದುರು ಮನೆಯ ಮಗುವೇ ಹೊರಗುಳಿಯುತ್ತದೆ. ಇದೇ ಉಪಾಯವನ್ನು 1863ರಲ್ಲಿ ಮಾಡಿ ನೋಡಿದ್ದಾಯಿತು. ಎಲ್ಲರ ಸ್ವತ್ತನ್ನು ಹಗ್ಗದ ಮೇಲೆ ನಡೆಸಿದರೆ ಹಗ್ಗದ ಬಲವನ್ನು ಪರೀಕ್ಷಿಸುವವರು ಯಾರು?

ಇನ್ನೊಂದು ವಿಚಾರವಿದೆ. ನಿಲ್ಲಿಸಿದ ಕಚೇರಿಯನ್ನು ಹಣ ಬಂದಾಗ ಮತ್ತೆ ತೆರೆಯಬಹುದು. ಕುಸಿದ ಗಾರೆಯ ಛಾವಣಿಯನ್ನು ಮತ್ತೆ ತರಲಾಗದು. ಹಳೆಯ ಮನೆಗೆ ಬೇಕಾದದ್ದು ವರ್ಷಕ್ಕೊಮ್ಮೆ ದೋಣಿ ಶುಚಿಮಾಡುವುದು, ಜರುಗಿದ ಹೆಂಚು ಸರಿಪಡಿಸುವುದು, ಕಿಟಕಿ ತೆರೆದು ಗಾಳಿಯಾಡಿಸುವುದು. ಈ ಸಣ್ಣ ಖರ್ಚನ್ನು ಉಳಿಸಿದವನು ಮುಂದೆ ದೊಡ್ಡ ದಂಡ ತೆರುತ್ತಾನೆ. ಇದೇ ಮನೆಯನ್ನು 2006ರಿಂದ 2009ರವರೆಗೆ ಮುಚ್ಚಿ ಸುಮಾರು 1 ಕೋಟಿ 30 ಲಕ್ಷ ಪೌಂಡು ಸುರಿದು ಜೀರ್ಣೋದ್ಧಾರ ಮಾಡಿದ್ದರು. ಅದನ್ನು ಕಾಯ್ದುಕೊಳ್ಳದಿದ್ದರೆ ಆ ಹಣವೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ.

ಹೊರಡುವ ಹೊತ್ತಿಗೆ ಶಾಲೆಯ ಹುಡುಗರ ಒಂದು ತಂಡ ಬಂದಿತ್ತು. ಬಣ್ಣಬಣ್ಣದ ಮುಖಗಳು, ಒಂದೇ ಸಮವಸ್ತ್ರ. ಒಡೆದ ಕಟಕಟೆಯ ಮುಂದೆ ಎಲ್ಲರೂ ಸಾಲಾಗಿ ನಿಂತರು. ತಲೆಗೆ ಬಟ್ಟೆ ಕಟ್ಟಿದ್ದ ಪುಟ್ಟ ಹುಡುಗಿಯೊಬ್ಬಳು ಮೆಲ್ಲಗೆ ಬೆರಳು ಚಾಚಿದಳು. ಮುಟ್ಟಬಾರದೆಂದು ಕಾವಲಿನ ವೃದ್ಧೆ ಕಣ್ಣಿನಲ್ಲೇ ಹೇಳಿ, ತಾನೂ ನಕ್ಕಳು. ಆ ಹುಡುಗಿಯ ಹಿರಿಯರು ಆ ಯುದ್ಧದಲ್ಲಿ ಯಾರ ಕಡೆಯೂ ಇದ್ದವರಲ್ಲ. ಆದರೂ ಮನೆ ಅವಳದು.

ನಾನು ಹುಡುಗನಾಗಿದ್ದಾಗ ನಮ್ಮೂರಿನಲ್ಲಿಯೂ ಒಂದು ದೊಡ್ಡಮನೆ ಇತ್ತು. ಅದರ ಜಗಲಿಯ ಕಂಬಗಳನ್ನು ಯಾರೋ ಲಾರಿಯಲ್ಲಿ ಹೇರಿಕೊಂಡು ಹೋದರು. ಈಗ ಅಲ್ಲಿ ಬರಿಯ ಪಾಯ. ಆ ಹೊತ್ತಿನಲ್ಲಿ ನಾವ್ಯಾರೂ ಒಂದು ಮಾತೂ ಆಡಲಿಲ್ಲ, ಅದು ನಮ್ಮದೆಂದು ನಮಗೆ ಅನಿಸಿರಲಿಲ್ಲವಾದ್ದರಿಂದ. ನಿಮ್ಮೂರಿನಲ್ಲಿ ಅಂಥದೊಂದು ಮನೆ ಇನ್ನೂ ನಿಂತಿದ್ದರೆ ಈ ಭಾನುವಾರ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿ. ಒಳಗಿನ ಕೆತ್ತನೆಯನ್ನು ಆಮೇಲೆ ನೋಡಿದರಾಯಿತು. ಮೊದಲು ತಲೆಯೆತ್ತಿ ಸೂರು ಸೋರುತ್ತಿದೆಯೇ ನೋಡಿ.