ಅಜ್ಜನ ಊರಲ್ಲದ ರಾಜಧಾನಿ



ಚೆನ್ನೈನ ಜಾರ್ಜ್ ಟೌನಿನಲ್ಲಿ ಅರ್ಮೇನಿಯನ್ ಸ್ಟ್ರೀಟ್ ಅಂತ ಒಂದು ಬೀದಿ ಇದೆ. ಹೈಕೋರ್ಟಿನ ಕಡೆ ಕೆಲಸವಿದ್ದು ಹೋದವರು ಅದನ್ನು ನೋಡಿರಬಹುದು. ಆ ಬೀದಿಯ ಹಳೆಯ ಚರ್ಚಿನ ಅಂಗಳದಲ್ಲಿ ಹಾರುತ್ಯೂನ್ ಶ್ಮವೋನ್ಯಾನ್ ಎಂಬ ಪಾದ್ರಿಯ ಸಮಾಧಿ ಇದೆ. ಅವರು 1794ರಲ್ಲಿ ಮದರಾಸಿನಿಂದ ‘ಅಜ್ದರಾರ್’ ಎಂಬ ಪತ್ರಿಕೆ ಹೊರಡಿಸಿದರು. ಇಡೀ ಜಗತ್ತಿನಲ್ಲೇ ಅರ್ಮೇನಿಯನ್ ಭಾಷೆಯಲ್ಲಿ ಬಂದ ಮೊದಲ ಪತ್ರಿಕೆ ಅದು. ಅದಕ್ಕೂ ಕೆಲವು ವರ್ಷ ಮುಂಚೆ ಇದೇ ಮದರಾಸಿನ ಅರ್ಮೇನಿಯನ್ ವ್ಯಾಪಾರಿ ಶಹಾಮಿರ್ ಶಹಾಮಿರ್ಯಾನ್, ಇನ್ನೂ ಹುಟ್ಟಿಯೇ ಇರದ ಸ್ವತಂತ್ರ ಅರ್ಮೇನಿಯಾಕ್ಕೆ ಸಂವಿಧಾನದಂಥ ಒಂದು ಪುಸ್ತಕ ಅಚ್ಚು ಹಾಕಿಸಿದ್ದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದವರು ಇವರು. ದೂರದಲ್ಲಿ ಕೂತು ತಾಯ್ನಾಡನ್ನು ಕಟ್ಟಿಕೊಳ್ಳುವುದು ಆ ಜನಕ್ಕೆ ಹೊಸತೇನೂ ಅಲ್ಲ.

ಈಗ ಆ ನಾಡು ನಕಾಶೆಯಲ್ಲಿದೆ. ಅದಕ್ಕೊಂದು ರಾಜಧಾನಿಯೂ ಇದೆ, ಹೆಸರು ಯೆರೆವಾನ್. ಅಲ್ಲಿಗೆ ಹೊರಡುವವರಿಗೆ ಏನು ಹೇಳಬೇಕು ಎನ್ನುವುದು ಇವತ್ತಿನ ಮಾತು. ಅರ್ಮೇನಿಯಾದ ಜನಸಂಖ್ಯೆ ಸುಮಾರು 30 ಲಕ್ಷ. ಅದರಲ್ಲಿ ಮೂರನೆಯ ಒಂದು ಪಾಲು ಯೆರೆವಾನಿನಲ್ಲೇ ಇದೆ. ಆದರೆ ಅರ್ಮೇನಿಯನ್ನರು ದೇಶದ ಒಳಗಿರುವುದಕ್ಕಿಂತ ಹೊರಗೇ ಹೆಚ್ಚು: ಮಾಸ್ಕೊ, ಲಾಸ್ ಏಂಜಲೀಸ್, ಪ್ಯಾರಿಸ್, ಬೇರೂತ್, ಬ್ಯೂನಸ್ ಐರಿಸ್. ಬೇಸಿಗೆ ಬಂತೆಂದರೆ ಇವರ ಮಕ್ಕಳು, ಮೊಮ್ಮಕ್ಕಳು ವಿಮಾನ ಹತ್ತಿ ಹಿರಿಯರ ನಾಡು ನೋಡಲು ಬರುತ್ತಾರೆ. ಅವರಲ್ಲಿ ಬಹಳ ಜನಕ್ಕೆ ಮೊದಲೇ ಹೇಳಿಬಿಡಬೇಕಾದ ಒಂದು ಮಾತಿದೆ. ಕೇಳಲು ಸ್ವಲ್ಪ ಒರಟು. ಇದು ನಿಮ್ಮ ಅಜ್ಜನ ಊರಲ್ಲ.

ಅಜ್ಜ, ಮುತ್ತಜ್ಜ ಬಂದದ್ದು ಖಾರ್ಪೆರ್ಟ್‌ನಿಂದ, ವಾನ್‌ನಿಂದ, ಸೆಬಾಸ್ತಿಯಾದಿಂದ, ಮರಾಶ್‌ನಿಂದ. ಆಗ ಅವೆಲ್ಲ ಆಟೊಮನ್ ಸಾಮ್ರಾಜ್ಯದ ಊರುಗಳು, ಇವತ್ತು ತುರ್ಕಿಯೊಳಗಿವೆ. 1915ರ ಏಪ್ರಿಲ್ 24ರಂದು ಇಸ್ತಾಂಬುಲ್‌ನಲ್ಲಿ ಅರ್ಮೇನಿಯನ್ ಬರಹಗಾರರನ್ನೂ ಮುಖಂಡರನ್ನೂ ಹಿಡಿದು ಒಯ್ದರು. ಅದರ ಹಿಂದೆಯೇ ಊರೂರುಗಳನ್ನು ಬರಿದು ಮಾಡಿ ಜನರನ್ನು ಸಿರಿಯಾದ ಮರುಭೂಮಿಯ ಕಡೆ ನಡೆಸಿದರು. ಆ ನರಮೇಧದಲ್ಲಿ ಸತ್ತವರು ಹತ್ತು ಲಕ್ಷಕ್ಕೂ ಹೆಚ್ಚು ಎಂದು ಬಹುಪಾಲು ಇತಿಹಾಸಕಾರರ ಅಂದಾಜು. ಉಳಿದವರು ಅಲೆಪ್ಪೊ, ಬೇರೂತ್ ಸೇರಿ ಅಲ್ಲಿಂದ ಮುಂದಕ್ಕೆ ಹೋದರು. ಅವರಲ್ಲಿ ಹೆಚ್ಚಿನವರು ಯೆರೆವಾನನ್ನು ಕಣ್ಣಲ್ಲೂ ಕಂಡವರಲ್ಲ. ಅದು ಆಗ ರಷ್ಯಾ ಸಾಮ್ರಾಜ್ಯದ ಅಂಚಿನಲ್ಲಿದ್ದ, ಮೂವತ್ತು ಸಾವಿರ ಜನರ ಮಣ್ಣಿನ ಮನೆಗಳ ಪಟ್ಟಣ. 1827ರವರೆಗೆ ಪರ್ಷಿಯಾದವರ ಕೋಟೆ. ನಮ್ಮ ಕಡೆಯ ಅರ್ಮೇನಿಯನ್ನರ ಮೂಲವೂ ಇಲ್ಲಿಯದಲ್ಲ. ಅವರಲ್ಲಿ ಹೆಚ್ಚಿನವರು ಇಸ್ಫಹಾನಿನ ಪಕ್ಕದ ಹೊಸ ಜುಲ್ಫಾದಿಂದ ಬಂದ ವ್ಯಾಪಾರಿಗಳ ಸಂತತಿ.

ಹಾಗಾದರೆ ಯೆರೆವಾನಿಗೆ ಯಾಕೆ ಹೋಗಬೇಕು? ಊರು ಕಳೆದುಕೊಂಡವರು ಸೇರಿ ಕಟ್ಟಿದ ಊರು ಎಂಬ ಕಾರಣಕ್ಕೆ. ಅಲ್ಲಿ ಅಜ್ಜನ ಮನೆಯ ಹೊಸ್ತಿಲನ್ನು ಹುಡುಕಿದವರು ಬರಿಗೈಲಿ ಬರುತ್ತಾರೆ. ಅಜ್ಜನಂಥವರು ಏನು ಮಾಡಿದರು ಎಂದು ಕೇಳಿಕೊಂಡು ಹೋದವರಿಗೆ ಪ್ರತಿ ಬೀದಿಯಲ್ಲೂ ಉತ್ತರವಿದೆ.

ಊರಿನ ನಕಾಶೆಯನ್ನೇ ನೋಡಿ. ಅದನ್ನು ಬರೆದವರು ಅಲೆಕ್ಸಾಂಡರ್ ತಾಮನ್ಯಾನ್. ರಷ್ಯಾದ ಇಂದಿನ ಕ್ರಾಸ್ನೊದಾರ್‌ನಲ್ಲಿ ಹುಟ್ಟಿ, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಓದಿದವರು. 1924ರಲ್ಲಿ ಅವರು ಮಾಡಿದ ಯೋಜನೆ ಒಂದೂವರೆ ಲಕ್ಷ ಜನಕ್ಕೆ. ಆಗಿನ ಊರಿನ ಸ್ಥಿತಿಯಲ್ಲಿ ಅದೇ ದೊಡ್ಡ ಧೈರ್ಯ. ಇವತ್ತು ಅಲ್ಲಿ ಹತ್ತು ಲಕ್ಷಕ್ಕೂ ಮೀರಿ ಜನರಿದ್ದಾರೆ. ವೃತ್ತಾಕಾರದ ಉದ್ಯಾನ, ಅದರೊಳಗೆ ಬೀದಿಗಳು, ನಡುವೆ ದೊಡ್ಡ ಚೌಕ, ಇಡೀ ಊರು ಅರಾರತ್ ಬೆಟ್ಟದ ಕಡೆಗೆ ಮುಖ ಮಾಡಿ ನಿಲ್ಲುವಂತೆ. ಕಟ್ಟಿದ್ದೆಲ್ಲ ಟಫ್ ಎಂಬ ಜ್ವಾಲಾಮುಖಿ ಕಲ್ಲಿನಲ್ಲಿ. ಬೆಳಗಿನ ಬಿಸಿಲಿಗೆ ಅದು ತಿಳಿಗುಲಾಬಿ, ಸಂಜೆಗೆ ಕಂದು. ಗಣರಾಜ್ಯ ಚೌಕದಲ್ಲಿ ಒಂದು ಬೆಳಿಗ್ಗೆ, ಒಂದು ಸಂಜೆ ನಿಂತರೆ ಈ ಬಣ್ಣದ ಆಟ ನೋಡಬಹುದು. ತಾಮನ್ಯಾನ್ ಅವರ ಪ್ರತಿಮೆ ಕ್ಯಾಸ್ಕೇಡ್ ಎಂಬ ದೊಡ್ಡ ಮೆಟ್ಟಿಲುಸಾಲಿನ ಬುಡದಲ್ಲಿದೆ. ನಕಾಶೆಯ ಮೇಲೆ ಎರಡೂ ಕೈಯೂರಿ ಬಗ್ಗಿ ನಿಂತಿದ್ದಾರೆ. ಐನೂರಕ್ಕೂ ಹೆಚ್ಚು ಮೆಟ್ಟಿಲು. ಮಂಡಿನೋವಿನವರು ಹೆದರಬೇಡಿ, ಒಳಗೆ ಎಸ್ಕಲೇಟರ್ ಇದೆ.

ಹಳೇ ಊರು ಎಲ್ಲಿ ಎಂದು ಮಾತ್ರ ಕೇಳಬೇಡಿ. ಕ್ರಿಸ್ತಪೂರ್ವ 782ರಲ್ಲಿ ಉರಾರ್ತು ದೊರೆ ಅರ್ಗಿಷ್ಟಿ ಇಲ್ಲಿ ಎರೆಬುನಿ ಕೋಟೆ ಕಟ್ಟಿಸಿದ ಶಿಲಾಶಾಸನ ಇದೆ. ರೋಮಿಗಿಂತ ನಾವು 29 ವರ್ಷ ಹಿರಿಯರು ಎಂದು ಯೆರೆವಾನಿನ ಟ್ಯಾಕ್ಸಿಯವರೂ ಹೇಳುತ್ತಾರೆ. ಆದರೆ ಅದು ಗುಡ್ಡದ ಮೇಲಿನ ಅಡಿಪಾಯ ಅಷ್ಟೆ. ನಡುವಿನ ಶತಮಾನಗಳಿಂದ ಊರೊಳಗೆ ಉಳಿದದ್ದು ಕಡಿಮೆ. 13ನೇ ಶತಮಾನದ ಒಂದು ಪುಟ್ಟ ಚರ್ಚು, 18ನೇ ಶತಮಾನದ ನೀಲಿ ಮಸೀದಿ ಇವೆರಡನ್ನು ನೋಡಿದರೆ ಮುಖ್ಯವಾದದ್ದನ್ನು ನೋಡಿದಂತೆಯೇ. ಮಸೀದಿಯ ಅಂಗಳದ ಮರಗಳ ನೆರಳು ಜುಲೈ ಬಿಸಿಲಲ್ಲಿ ಬಹಳ ಹಿತ.

ಪ್ರವಾಸಿ ಪುಸ್ತಕಗಳು ಹೇಳದ ಜಾಗಗಳಿಗೆ ಬರೋಣ. ಊರಿನ ನಡುಭಾಗದ ಆಚೆ ಹೊಸ ಅರಬ್ಕೀರ್, ಹೊಸ ಮಾಲಾತ್ಯಾ, ಹೊಸ ಸೆಬಾಸ್ತಿಯಾ, ಹೊಸ ಜೈತೂನ್, ಹೊಸ ಮರಾಶ್ ಎಂಬ ಬಡಾವಣೆಗಳಿವೆ. ಹೆಸರು ಕೇಳಿದ ಕೂಡಲೇ ನಿಮಗೆ ಹೊಳೆದಿರಬೇಕು. ಕಳೆದುಹೋದ ಊರುಗಳ ಹೆಸರು ಇವು. ಅರಬ್ಕೀರ್‌ನಿಂದ ಬದುಕಿ ಬಂದವರು 1925ರಲ್ಲಿ ಯೆರೆವಾನಿನ ಪಕ್ಕದ ಬಯಲಿನಲ್ಲಿ ಅಡಿಗಲ್ಲಿಟ್ಟರು. ಅಮೆರಿಕಕ್ಕೆ ಹೋಗಿ ನೆಲೆಸಿದ ಅದೇ ಊರಿನವರು ಹಣ ಕಳಿಸಿದರು. ಒಂದೊಂದು ಊರಿನವರ ಸಂಘವೂ ಹೀಗೆಯೇ ಮಾಡಿತು. ಇವತ್ತು ಅಲ್ಲಿ ನೋಡಲು ಸೊಗಸೇನಿಲ್ಲ, ಸೋವಿಯತ್ ಕಾಲದ ಫ್ಲ್ಯಾಟುಗಳು, ತರಕಾರಿ ಅಂಗಡಿ, ಮಿನಿಬಸ್ಸು. ಆದರೂ ನಾನು ಹೇಳುವುದು, ನಿಮ್ಮ ಮನೆತನ ಮಾಲಾತ್ಯಾದ್ದಾದರೆ ಗಣರಾಜ್ಯ ಚೌಕಕ್ಕಿಂತ ಮೊದಲು ಹೊಸ ಮಾಲಾತ್ಯಾಕ್ಕೆ ಹೋಗಿ. ಬೆಂಚಿನ ಮೇಲೆ ಕೂತ ಮುದುಕರನ್ನು ಮಾತಾಡಿಸಿ.

ಮಾತಾಡಿಸುವಾಗ ಒಂದು ತೊಡಕು ಬರುತ್ತದೆ. ಬೇರೂತ್, ಪ್ಯಾರಿಸ್, ಬಾಸ್ಟನ್ ಕಡೆಯವರು ಮನೆಯಲ್ಲಿ ಕಲಿತದ್ದು ಪಶ್ಚಿಮ ಅರ್ಮೇನಿಯನ್. ಯೆರೆವಾನಿನದು ಪೂರ್ವ ಅರ್ಮೇನಿಯನ್. ಕೆಲವು ಅಕ್ಷರಗಳ ಉಚ್ಚಾರಣೆಯೇ ಬೇರೆ, ಕ್ರಿಯಾಪದದ ರೂಪ ಬೇರೆ. 1922ರಲ್ಲಿ ಸೋವಿಯತ್ ಸರ್ಕಾರ ಕಾಗುಣಿತವನ್ನೂ ಬದಲಿಸಿತು. ಧಾರವಾಡದವರು ಮಂಗಳೂರಿನಲ್ಲಿ ಪಡುವ ಪಾಡಿಗಿಂತ ಒಂದು ಕೈ ಹೆಚ್ಚು ಎನ್ನಿ. ‘ನಿಮ್ಮ ಭಾಷೆ ತಪ್ಪು’ ಎಂದು ಅಂಗಡಿಯ ಹುಡುಗ ತಿದ್ದಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇಂಗ್ಲಿಷಿಗೂ ಜಾರಬೇಡಿ. ಪಶ್ಚಿಮ ಅರ್ಮೇನಿಯನ್ ಈಗ ಯುನೆಸ್ಕೊದ ಅಪಾಯದಲ್ಲಿರುವ ಭಾಷೆಗಳ ಪಟ್ಟಿಯಲ್ಲಿದೆ. ಯೆರೆವಾನಿನಲ್ಲಿ ಅದನ್ನು ಆಡುವವರು ಹೆಚ್ಚಾಗಿ ಹೊರಗಿನಿಂದ ಬಂದವರೇ.

ಮರಳಿ ಬಂದವರನ್ನು ಈ ಊರು ಯಾವಾಗಲೂ ಮುದ್ದಿನಿಂದ ಕರೆದುಕೊಂಡಿಲ್ಲ, ಅದನ್ನೂ ಹೇಳಬೇಕು. ಎರಡನೆಯ ಮಹಾಯುದ್ಧದ ನಂತರ ಸ್ಟಾಲಿನ್ ಸರ್ಕಾರ ಹೊರನಾಡ ಅರ್ಮೇನಿಯನ್ನರನ್ನು ಕರೆಯಿತು. ಸಿರಿಯಾ, ಲೆಬನಾನ್, ಇರಾನ್, ಗ್ರೀಸ್, ಫ್ರಾನ್ಸ್‌ಗಳಿಂದ ಸುಮಾರು 90 ಸಾವಿರ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟರು. ಬಂದು ನೋಡಿದರೆ ರೊಟ್ಟಿಗೆ ಸಾಲು, ಸ್ಥಳೀಯರ ಅಸಡ್ಡೆ. 1949ರಲ್ಲಿ ಅವರಲ್ಲಿ ಅನೇಕರನ್ನು ಸೈಬೀರಿಯಾದ ಅಲ್ತಾಯ್ ಕಡೆಗೆ ಸಾಗಿಸಿಬಿಟ್ಟರು. ಉಳಿದವರು ಬೀದಿಬೀದಿಯಲ್ಲಿ ಕಾಫಿಯ ರುಚಿ ಹತ್ತಿಸಿದರು. ಸಿರಿಯಾ ಯುದ್ಧ ಶುರುವಾದ ಮೇಲೆ ಅಲೆಪ್ಪೊದ ಅರ್ಮೇನಿಯನ್ನರು ಬಂದು ಹೋಟೆಲು ತೆರೆದರು. 2023ರ ಸೆಪ್ಟೆಂಬರಿನಲ್ಲಿ ನಗೊರ್ನೊ-ಕಾರಾಬಾಖ್‌ನ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಕೆಲವೇ ದಿನಗಳಲ್ಲಿ ಮನೆ ಬಿಟ್ಟು ಅರ್ಮೇನಿಯಾಕ್ಕೆ ಬಂದರು. ನೀವು ತಂಗುವ ಮನೆಯ ಪಕ್ಕದಲ್ಲೇ ಅಂಥ ಕುಟುಂಬ ಇದ್ದೀತು. ಆದ್ದರಿಂದ ಯುದ್ಧ, ಗಡಿ, ರಾಜಕೀಯದ ಬಗ್ಗೆ ಬಂದ ಮೊದಲ ದಿನವೇ ತೀರ್ಪು ಕೊಡಲು ಹೋಗಬೇಡಿ. ಕೇಳಿಸಿಕೊಳ್ಳಿ. ಕಾಫಿ ಬೇಕಾದಾಗ ‘ಟರ್ಕಿಷ್ ಕಾಫಿ’ ಅನ್ನಬೇಡಿ, ‘ಅರ್ಮೇನಿಯನ್ ಕಾಫಿ’ ಅನ್ನಿ. ಪಾತ್ರೆ ಒಂದೇ, ಕುದಿಸುವ ಕ್ರಮವೂ ಒಂದೇ, ಹೆಸರು ಮಾತ್ರ ನೋಡಿ ಹೇಳಬೇಕು.

ತ್ಸಿತ್ಸೆರ್ನಾಕಾಬೆರ್ದ್ ಗುಡ್ಡದ ಸ್ಮಾರಕಕ್ಕೆ ಅರ್ಧ ದಿನ ಇಡಿ, ಆ ದಿನ ಬೇರೆ ಕಾರ್ಯಕ್ರಮ ಬೇಡ. 1965ರಲ್ಲಿ ನರಮೇಧದ ಐವತ್ತನೆಯ ವರ್ಷಕ್ಕೆ ಯೆರೆವಾನಿನ ಜನ ಸೋವಿಯತ್ ಆಳ್ವಿಕೆಯಲ್ಲೂ ಬೀದಿಗಿಳಿದರು. ಅದರ ಫಲವಾಗಿ 1967ರಲ್ಲಿ ಈ ಸ್ಮಾರಕ ಎದ್ದಿತು. 44 ಮೀಟರ್ ಎತ್ತರದ ಸೀಳು ಕಂಬ, ಬದಿಯಲ್ಲಿ ಒಳಕ್ಕೆ ಬಾಗಿದ ಹನ್ನೆರಡು ಕಲ್ಲುಗೋಡೆ, ನಡುವೆ ಆರದ ಬೆಂಕಿ. ನೆಲದಡಿಯ ವಸ್ತುಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ. ಏಪ್ರಿಲ್ 24ರಂದು ಹೋಗುವುದಾದರೆ ಲಕ್ಷಾಂತರ ಜನರ ಜೊತೆ ಹೂ ಹಿಡಿದು ನಡೆಯಬೇಕು, ವಾಹನದ ಆಸೆ ಬಿಡಿ. ಹೂವಿನ ಮಾತು ಬಂತು. ಸಮಾಧಿಗೆ, ಸ್ಮಾರಕಕ್ಕೆ ಸಮಸಂಖ್ಯೆಯ ಹೂ. ಯಾರಾದರೂ ಊಟಕ್ಕೆ ಕರೆದರೆ ಬೆಸಸಂಖ್ಯೆ. ಇದನ್ನು ಅದಲುಬದಲು ಮಾಡಿದರೆ ಮನೆಯ ಯಜಮಾನಿಯ ಮುಖ ಸಪ್ಪಗಾದೀತು.

ಮಾತೆನಾದರಾನ್ ಎಂಬ ಹಸ್ತಪ್ರತಿ ಭಂಡಾರವನ್ನು ಬಿಡಲೇಬಾರದು. ಮೆಸ್ರೋಪ್ ಮಶ್ತೋತ್ಸ್ 405ರ ಸುಮಾರಿಗೆ ಅರ್ಮೇನಿಯನ್ ಲಿಪಿ ರೂಪಿಸಿದರು. ಅವರ ಹೆಸರಿನದೇ ರಸ್ತೆಯ ಕೊನೆಯಲ್ಲಿ ಈ ಭಂಡಾರವಿದೆ. ಅಲ್ಲಿ ಮೂಶ್ ಊರಿನ ಒಂದು ಧರ್ಮೋಪದೇಶದ ಗ್ರಂಥವನ್ನು ಹುಡುಕಿ ನೋಡಿ. ಬರೆದದ್ದು 13ನೇ ಶತಮಾನದ ಮೊದಲ ವರ್ಷಗಳಲ್ಲಿ, ತೂಕ ಸುಮಾರು 28 ಕಿಲೊ. 1915ರಲ್ಲಿ ಪಾಳುಬಿದ್ದ ಮಠದಲ್ಲಿ ಅದನ್ನು ಕಂಡ ಇಬ್ಬರು ಹೆಂಗಸರು, ಹೊರಲಾಗದೆ ಎರಡು ಭಾಗ ಮಾಡಿಕೊಂಡು ಹೊತ್ತರಂತೆ. ಒಂದು ಭಾಗ ಎಚ್ಮಿಯಾಜಿನ್ ಮಠ ತಲುಪಿತು. ಇನ್ನೊಂದನ್ನು ದಾರಿಯಲ್ಲಿ ಎರ್ಜುರುಮ್‌ನಲ್ಲಿ ಹೂತಿಟ್ಟರು, ಅದೂ ಮುಂದೆ ಸಿಕ್ಕಿತು. ಮನೆಯ ಸಾಮಾನು ಬಿಟ್ಟು ಪುಸ್ತಕ ಹೊತ್ತವರು ಅವರು! ಈ ಭಂಡಾರವೂ ಸೋಮವಾರ ತೆರೆದಿರುವುದಿಲ್ಲ.

ಇನ್ನು ನಮ್ಮವರಿಗೆ, ಅಂದರೆ ವೈದ್ಯಕೀಯ ಓದುವ ಮಕ್ಕಳನ್ನು ನೋಡಲು ಹೋಗುವ ತಂದೆತಾಯಿಗೆ, ಸುಮ್ಮನೆ ಊರು ಸುತ್ತುವವರಿಗೆ ಒಂದೆರಡು ಮಾತು. ಮೇ, ಜೂನ್ ಒಳ್ಳೆಯ ಕಾಲ. ಸೆಪ್ಟೆಂಬರ್, ಅಕ್ಟೋಬರ್ ಇನ್ನೂ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ರಾಯಚೂರಿನ ಬಿಸಿಲು. ಚಳಿಗಾಲದಲ್ಲಿ ಹಿಮ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟಿಗೆ ಮೊದಲು ಅರ್ಮೇನಿಯಾ ಸರ್ಕಾರದ ಇ-ವೀಸಾ ತಾಣ ನೋಡಿ. ವಿಮಾನ ನಿಲ್ದಾಣ ಊರಿನಿಂದ ಹನ್ನೆರಡು ಕಿಲೊಮೀಟರ್ ಇದೆ. ಹೊರಗೆ ಕೂಗಿ ಕರೆಯುವ ಟ್ಯಾಕ್ಸಿಯವರಿಗಿಂತ ಆ್ಯಪ್‌ನಲ್ಲಿ ಕರೆಸಿದ ಟ್ಯಾಕ್ಸಿ ಅಗ್ಗ. ಮೆಟ್ರೊ ಒಂದೇ ಮಾರ್ಗ, ಹತ್ತೇ ನಿಲ್ದಾಣ. ನೀರಿನ ಬಾಟಲಿಗೆ ದುಡ್ಡು ಹಾಕಬೇಡಿ. ಮೂಲೆಮೂಲೆಯಲ್ಲಿ ಪುಲ್ಪುಲಾಕ್ ಎಂಬ ಕಲ್ಲಿನ ಕಾರಂಜಿಗಳಿವೆ, ಬಗ್ಗಿ ಕುಡಿದರೆ ತಣ್ಣನೆಯ ನೀರು. ಸತ್ತವರ ನೆನಪಿಗೆ ಮನೆಯವರು ಕಟ್ಟಿಸಿದವೂ ಅದರಲ್ಲಿ ಬಹಳ. ನಮ್ಮ ಹಳೆಯ ಅರವಟ್ಟಿಗೆಯ ಬುದ್ಧಿ ಅಲ್ಲಿಯೂ ಇದೆ. ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ತೆಳ್ಳನೆಯ ಲವಾಶ್ ರೊಟ್ಟಿ, ಸೊಪ್ಪು, ಗಿಣ್ಣು, ಬದನೆಕಾಯಿ, ಬೇಳೆ ಸಿಗುತ್ತದೆ. ಜೂನ್ ಕೊನೆಗೆ ಏಪ್ರಿಕಾಟ್ ಹಣ್ಣಿನ ಸುಗ್ಗಿ. ಗುಮ್ ಮಾರುಕಟ್ಟೆಯಲ್ಲಿ ಮೊದಲು ರುಚಿ ನೋಡಿ, ಆಮೇಲೆ ಚೌಕಾಸಿ ಮಾಡಿ.

ಅರಾರತ್ ನೋಡಲು ಬೆಳಿಗ್ಗೆ ಬೇಗ ಏಳಬೇಕು, ಬೇಸಿಗೆಯ ಮಧ್ಯಾಹ್ನ ಮಬ್ಬು ಮುಚ್ಚಿಬಿಡುತ್ತದೆ. 5,137 ಮೀಟರ್ ಎತ್ತರದ ಬೆಟ್ಟ. ಯೆರೆವಾನಿನ ಅಂಗಡಿ ಫಲಕದಲ್ಲಿ, ಬ್ರಾಂಡಿ ಬಾಟಲಿಯಲ್ಲಿ, ದೇಶದ ಲಾಂಛನದಲ್ಲಿ ಎಲ್ಲೆಲ್ಲೂ ಅದೇ. ಆದರೆ ಅದು ನಿಂತಿರುವುದು ತುರ್ಕಿಯ ನೆಲದಲ್ಲಿ. 1993ರಲ್ಲಿ ತುರ್ಕಿ ಗಡಿ ಮುಚ್ಚಿತು. ಖೋರ್ ವಿರಾಪ್ ಮಠದ ಗೋಡೆಯ ಬಳಿ ನಿಂತರೆ ಬೆಟ್ಟ ಇನ್ನೂ ಹತ್ತಿರ ಬಂದಂತೆ ಕಾಣುತ್ತದೆ, ನಡುವೆ ಇರುವುದು ಆ ಗಡಿಬೇಲಿ.

ಹೀಗಾಗಿ ಅಜ್ಜನ ಊರನ್ನು ನೋಡಲೇಬೇಕು ಎನ್ನುವವರಿಗೆ ಯೆರೆವಾನ್ ಕೊನೆಯ ನಿಲ್ದಾಣವಲ್ಲ. ವಿಲಿಯಂ ಸರೋಯನ್ ಅವರ ಉದಾಹರಣೆ ಇದೆ. ಅವರು ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಹುಟ್ಟಿದ ಅಮೆರಿಕದ ಲೇಖಕರು. 1935ರಲ್ಲೇ ಸೋವಿಯತ್ ಅರ್ಮೇನಿಯಾ ನೋಡಿ ಬಂದಿದ್ದರು. ಆದರೂ ಹಿರಿಯರ ಊರಾದ ಬಿಟ್ಲಿಸ್ ನೋಡಲು 1964ರಲ್ಲಿ ತುರ್ಕಿಗೆ ಬೇರೆಯಾಗಿಯೇ ಹೋಗಬೇಕಾಯಿತು. ತೀರಿಕೊಂಡ ಮೇಲೆ ಅವರ ಚಿತಾಭಸ್ಮದ ಒಂದು ಪಾಲು ಫ್ರೆಸ್ನೊದಲ್ಲಿ ಉಳಿಯಿತು, ಇನ್ನೊಂದು ಪಾಲು ಯೆರೆವಾನಿನ ಕೊಮಿತಾಸ್ ಸಮಾಧಿವನಕ್ಕೆ ಬಂತು. ಬಿಟ್ಲಿಸ್‌ಗೆ ಯಾವ ಪಾಲೂ ಹೋಗಲಿಲ್ಲ.

ಇವತ್ತಿನ ದಾರಿ ಹೀಗೆ: ಯೆರೆವಾನಿನಿಂದ ವಾಯವ್ಯಕ್ಕೆ ಗ್ಯೂಮ್ರಿ, ಅಲ್ಲಿಂದ ಜಾರ್ಜಿಯಾದ ಅಖಾಲ್ತ್‌ಸಿಖೆ, ಮತ್ತೆ ಗಡಿ ದಾಟಿ ತುರ್ಕಿಯ ಕಾರ್ಸ್. ಎರಡು ಗಡಿ, ದೊಡ್ಡ ಸುತ್ತು. ಗಡಿ ತೆರೆಯುವ ಮಾತುಕತೆ ಎರಡೂ ಸರ್ಕಾರಗಳ ನಡುವೆ ನಡೆಯುತ್ತ ಬಂದಿದೆ, ಹೊರಡುವ ವಾರ ಮತ್ತೊಮ್ಮೆ ವಿಚಾರಿಸಿಕೊಳ್ಳಿ. ಹೋಗುವ ಮೊದಲು ಇನ್ನೊಂದು ಕೆಲಸವಿದೆ. ತುರ್ಕಿಯಲ್ಲಿ ಸಾವಿರಾರು ಹಳ್ಳಿಗಳ ಹೆಸರನ್ನು ಸರ್ಕಾರ ಬದಲಿಸಿದೆ. ಅಜ್ಜಿ ಹೇಳುತ್ತಿದ್ದ ಹೆಸರು ಇಂದಿನ ನಕಾಶೆಯಲ್ಲಿ ಸಿಗದೇ ಇರಬಹುದು. ಹಳೆಯ ಹೆಸರು, ಹೊಸ ಹೆಸರು, ಹತ್ತಿರದ ಪಟ್ಟಣದ ಹೆಸರು, ಈ ಮೂರನ್ನೂ ಒಂದು ಚೀಟಿಯಲ್ಲಿ ತುರ್ಕಿ ಕಾಗುಣಿತದಲ್ಲೇ ಬರೆಸಿಕೊಂಡು ಹೊರಡಿ. ಕಾರ್ಸ್‌ನ ಟ್ಯಾಕ್ಸಿಯವನಿಗೆ ತೋರಿಸಲು ಬೇಕಾಗುತ್ತದೆ.