ಊದಿ ಹಾಕಿದ ಕ್ಯಾಸೆಟ್ಟು

ಈ ಸಭೆಯಲ್ಲಿ ಮೂವತ್ತೈದು ನಲವತ್ತರ ಆಸುಪಾಸಿನವರು ಇದ್ದರೆ, ಅವರಿಗೊಂದು ಹಳೆಯ ಚಾಳಿ ನೆನಪಿರಬೇಕು. ಟಿವಿ ಗೇಮಿನ ಕ್ಯಾಸೆಟ್ಟನ್ನು ಕಿತ್ತು, ತಲೆಕೆಳಗು ಮಾಡಿ, ಮೌತ್ ಆರ್ಗನ್ನಿನಂತೆ ತುಟಿಗೆ ಹಿಡಿದು ಉಫ್ ಎಂದು ಊದಿ, ಮತ್ತೆ ಸಿಕ್ಕಿಸುವುದು. ಪರದೆ ಮೇಲೆ ಗೀಟುಗೀಟಾಗಿ ಒದ್ದಾಡುತ್ತಿದ್ದ ಚಿತ್ರ ಒಮ್ಮೆಲೇ ಸರಿಹೋಗುತ್ತಿತ್ತು. ಪುಣ್ಯವೆಲ್ಲ ಉಸಿರಿಗೆ ಹೋಯಿತು. ಕೆಲಸ ಮಾಡಿದ್ದು ಮಾತ್ರ ಕೀಳುವುದು, ಸಿಕ್ಕಿಸುವುದು. ಆ ತಿಕ್ಕಾಟದಲ್ಲಿ ಕ್ಯಾಸೆಟ್ಟಿನ ಲೋಹದ ಪಟ್ಟಿಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತಿದ್ದವು. ಉಸಿರಿನ ತೇವದಿಂದ ಅವಕ್ಕೆ ಕಿಲುಬು ಹಿಡಿಯುವ ಸಂಭವವೇ ಹೆಚ್ಚು. ಊದಬೇಡಿ ಎಂದು ನಿಂಟೆಂಡೊ ಕಂಪನಿಯೇ ಎಚ್ಚರಿಸಿತ್ತು. ಆ ಎಚ್ಚರಿಕೆ ಹುಬ್ಬಳ್ಳಿ ಹಾಸನಗಳ ತನಕ ಬರುವುದಾದರೂ ಹೇಗೆ? ಇಲ್ಲಿಯ ಹೆಚ್ಚಿನ ಮನೆಗಳಿಗೆ ಬಂದದ್ದು ನಿಂಟೆಂಡೊದ ನಕಲು. ನಕಲಿಗೆ ಕೈಪಿಡಿ ಇರುವುದಿಲ್ಲ.

ಇಂದಿನ ಮಾತು ಆ ನಕಲಿನದೇ.

ಅಸಲು ಹುಟ್ಟಿದ್ದು ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಕಂಪನಿಯಲ್ಲಿ. ಮಾಸಾಯುಕಿ ಉಎಮುರಾ ಅವರ ಮುಂದಾಳತ್ವದಲ್ಲಿ ರೂಪಗೊಂಡ ‘ಫ್ಯಾಮಿಕಾಮ್’ ಅಲ್ಲಿನ ಅಂಗಡಿಗಳಿಗೆ ಬಂದದ್ದು 1983ರ ಜುಲೈ 15ರಂದು. ಅದರ ಕೆಲಸದ ಮೆಮೊರಿ ಬರೀ 2 ಕೆಬಿ. 1985ರ ಸೆಪ್ಟೆಂಬರ್‌ನಲ್ಲಿ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಇಡಿಯಾಗಿ ಹಿಡಿಸಿದ್ದು 40 ಕೆಬಿಯಲ್ಲಿ. ಈಗ ಮೊಬೈಲಿನಲ್ಲಿ ತೆಗೆಯುವ ಒಂದೇ ಒಂದು ಫೋಟೋಗೆ ಅದರ ಎಷ್ಟೋ ಪಟ್ಟು ಜಾಗ ಬೇಕು. ಬಡತನದ ಸಂಸಾರ ನಡೆಸುವವರ ಜಾಣ್ಮೆಯೇ ಅಲ್ಲೂ ಕಾಣುತ್ತದೆ. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ವರ್ಷಗಟ್ಟಲೆ ಆಡಿದವರಲ್ಲೂ ಇದನ್ನು ಗಮನಿಸಿದವರು ಕಡಿಮೆ.

ತೈವಾನಿನ ಕಾರ್ಖಾನೆಗಳು ಇದರ ಚಿಪ್ಪುಗಳನ್ನು ನಕಲು ಮಾಡಿದವು. ಮುಂದೆ ಎಲ್ಲವನ್ನೂ ಒಂದೇ ಚಿಪ್ಪಿಗೆ ಇಳಿಸಿದ ಅಗ್ಗದ ಯಂತ್ರಗಳು ಬಂದವು. ಸ್ಕ್ರೂ ಬಿಚ್ಚಿ ನೋಡಿದ ಹುಡುಗರಿಗೆ ಒಳಗೆ ಕಂಡದ್ದು ಹಸಿರು ಹಲಗೆಯ ಮೇಲೆ ಕೂತ ಕಪ್ಪು ಅಂಟಿನ ಮುದ್ದೆ. ತೊಂಬತ್ತರ ದಶಕದಲ್ಲಿ ಇವು ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದಲೋ, ಕರಾವಳಿಯಲ್ಲಾದರೆ ಗಲ್ಫಿನಿಂದ ರಜೆಗೆ ಬಂದ ಮಾವನ ಸೂಟ್‌ಕೇಸಿನಿಂದಲೋ ಮನೆಗಳೊಳಗೆ ಇಳಿದವು. ಜೊತೆಗೆ ಹಳದಿ ಕ್ಯಾಸೆಟ್ಟು, ಅದರ ಮೇಲೆ ‘9999 ಇನ್ 1’ ಎಂಬ ದಪ್ಪ ಅಕ್ಷರ. ಆಟಗಳ ಪಟ್ಟಿ ಪುಟಪುಟವಾಗಿ ಉರುಳುತ್ತಿತ್ತು. ಬೇರೆ ಬೇರೆ ಆಟ ಎಣಿಸಲು ಹೋದರೆ ಎರಡು ಕೈಯ ಬೆರಳು ಸಾಕಾದರೂ ಸಾಕು. ಅದೇ ಮಾರಿಯೋ ಒಮ್ಮೆ ಮೂರನೇ ಸ್ಟೇಜಿನಿಂದ, ಇನ್ನೊಮ್ಮೆ ಐದನೆಯದರಿಂದ ಶುರುವಾಗುತ್ತಿದ್ದ, ಅದಕ್ಕೊಂದು ಹೊಸ ಹೆಸರು. ಇದು ಮೋಸವೇ ಹೌದು. ಆದರೆ ಉಳಿದ ಸಾವಿರಾರು ಆಟಗಳು ಎಲ್ಲೋ ಅಡಗಿವೆ ಎಂದು ಇಡೀ ಬೇಸಿಗೆ ರಜೆ ಹುಡುಕಿದ ಮಕ್ಕಳಿಗೆ ಮೋಸ ಹೋದೆವೆಂದು ಅನ್ನಿಸಲೇ ಇಲ್ಲ.

ನಕಲಿನಿಂದ ಒಂದು ವಿಚಿತ್ರ ಲಾಭವೂ ಆಯಿತು. ಇಟ್ಟಿಗೆ ಗೋಡೆಗಳ ನಡುವೆ ಟ್ಯಾಂಕ್ ಓಡಿಸುವ ‘ಬ್ಯಾಟಲ್ ಸಿಟಿ’ 1985ರಲ್ಲಿ ನಾಮ್ಕೋ ಕಂಪನಿ ಜಪಾನಿಗೆಂದು ತಂದ ಆಟ. ಆಗ ಅಮೆರಿಕದ ಮಾರುಕಟ್ಟೆಗೆ ಅದು ಹೋಗಲೇ ಇಲ್ಲ. ಅಲ್ಲಿನ ಮಕ್ಕಳು ಕಾಣದ ಆಟವನ್ನು ದಾವಣಗೆರೆಯ ಮಕ್ಕಳು ಅರೆಗಣ್ಣಲ್ಲೂ ಆಡಬಲ್ಲವರಾಗಿದ್ದರು. ಕೆಳಗಡೆ ಇಟ್ಟಿಗೆಯ ಕೋಟೆಯೊಳಗೆ ಕೂತ ಹದ್ದನ್ನು ಕಾಯುವುದು ಇಬ್ಬರ ಹೊಣೆ. ತಮ್ಮನ ಗುಂಡು ತಗುಲಿದರೆ ಅಣ್ಣನ ಟ್ಯಾಂಕ್ ಕೆಲಹೊತ್ತು ಮರಗಟ್ಟಿ ನಿಲ್ಲುತ್ತಿತ್ತು. ಗುಂಡು ಹದ್ದಿಗೇ ಬಿದ್ದರೆ ಆಟವೇ ಮುಗಿಯಿತು. ಆಮೇಲಿನ ಯುದ್ಧ ಪರದೆಯ ಹೊರಗೆ, ಅಮ್ಮ ಸೌಟು ಹಿಡಿದು ಬರುವ ತನಕ.

ಗೋಡೆಗಳನ್ನು ತಾವೇ ಕಟ್ಟಿಕೊಳ್ಳುವ ಸೌಕರ್ಯವೂ ಅದರಲ್ಲಿತ್ತು. ಹದ್ದಿನ ಸುತ್ತ ಉಕ್ಕಿನ ಬೇಲಿ ಹಾಕಿ ಮೆರೆದವರು ಎಷ್ಟೋ ಮಂದಿ. ಕರೆಂಟು ಹೋದರೆ ಬೇಲಿಯೂ ಹೋಯಿತು. ಈ ಆಟಗಳಲ್ಲಿ ಉಳಿಸಿಟ್ಟುಕೊಳ್ಳುವ ಮಾತೇ ಇರಲಿಲ್ಲ. ಎಂಟನೇ ಲೋಕದ ಬಾಗಿಲಲ್ಲಿ ನಿಂತ ಮಾರಿಯೋ, ಲೋಡ್‌ಶೆಡ್ಡಿಂಗ್ ಮುಗಿದಾಗ ಮತ್ತೆ ಮೊದಲ ಅಣಬೆಯ ಎದುರಿಗೆ. ಕರೆಂಟು ಇದ್ದಾಗ ಅಪ್ಪನ ಕಾಟ: ಅಡಾಪ್ಟರ್ ಕಾದಿದೆ, ಪಿಕ್ಚರ್ ಟ್ಯೂಬ್ ಸುಟ್ಟುಹೋಗುತ್ತೆ, ಆರಿಸು. ಇದನ್ನು ಬರೀ ನೆಪ ಎಂದು ನಗುವವರಿಗೆ ಒಂದು ಮಾತು. ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಆ ಕಾಲದ ಗಾಜಿನ ಟ್ಯೂಬಿನಲ್ಲಿ ಅದರ ಕಲೆ ಉಳಿಯುತ್ತಿದ್ದುದು ನಿಜ. ಅಪ್ಪಂದಿರು ಅಷ್ಟರಮಟ್ಟಿಗೆ ಗೆದ್ದಿದ್ದರು.

ಬಾತುಕೋಳಿ ಹೊಡೆಯುವ ಆಟದ ಬಂದೂಕಿನ ಗುಟ್ಟು ಕೂಡ ಆ ಟ್ಯೂಬಿನಲ್ಲೇ ಇತ್ತು. ಬಂದೂಕಿನಿಂದ ಏನೂ ಹೊರಡುತ್ತಿರಲಿಲ್ಲ. ಅದು ಬೆಳಕು ನೋಡುವ ಕಣ್ಣು. ಕುದುರೆ ಒತ್ತಿದೊಡನೆ ಕ್ಷಣದ ಸಣ್ಣ ತುಣುಕಿನಷ್ಟು ಹೊತ್ತು ಪರದೆ ಕಪ್ಪಾಗಿ, ಬಾತಿನ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತಿತ್ತು. ಬಂದೂಕಿಗೆ ಆ ಬಿಳುಪು ಕಂಡರೆ ಬಾತು ಬಿತ್ತು, ಕಾಣದಿದ್ದರೆ ಹುಲ್ಲಿನಿಂದ ಎದ್ದ ನಾಯಿ ಕಿಸಕ್ಕನೆ ನಕ್ಕಿತು. ಈಗಿನ ಚಪ್ಪಟೆ ಟಿವಿಯಲ್ಲಿ ಚಿತ್ರ ಮೂಡುವುದು ಕೊಂಚ ತಡ. ಅಟ್ಟದಿಂದ ಆ ಬಂದೂಕನ್ನು ಇಳಿಸಿ ಜೋಡಿಸಿದರೂ ನಾಯಿ ನಗುತ್ತಲೇ ಇರುತ್ತದೆ.

ಎಲ್ಲಕ್ಕಿಂತ ಸೋಜಿಗದ ಸಂಗತಿ ವೇಗದ್ದು. ಆಗಿನ ಜಪಾನಿನ ಟಿವಿ ಸೆಕೆಂಡಿಗೆ ಸುಮಾರು 60 ಬಾರಿ ಚಿತ್ರ ಬದಲಿಸುತ್ತಿತ್ತು, ಭಾರತದ ಪಾಲ್ ಪದ್ಧತಿಯ ಟಿವಿ 50 ಬಾರಿ. ಆಟದ ನಡಿಗೆ, ಜಿಗಿತ, ಸಂಗೀತ ಎಲ್ಲದರ ಲೆಕ್ಕವೂ ಈ ಚಿತ್ರಗಳ ಮೇಲೆಯೇ. ಹಾಗಾಗಿ ಪಾಲ್ ಟಿವಿಗೆಂದು ಮಾಡಿದ ನಕಲಿ ಯಂತ್ರಗಳಲ್ಲಿ ಮಾರಿಯೋ ಆರನೇ ಒಂದು ಪಾಲು ನಿಧಾನ. ಕೋಜಿ ಕೊಂಡೋ ಹೊಸೆದ ರಾಗವೂ ಅಷ್ಟೇ ನಿಧಾನ. ಈಗ ಯೂಟ್ಯೂಬಿನಲ್ಲಿ ಅಸಲನ್ನು ಕೇಳಿದಾಗ, ಯಾರೋ ಬಸ್ಸು ಹಿಡಿಯುವ ಅವಸರದಲ್ಲಿ ನುಡಿಸಿದಂತೆ ಎನಿಸುವುದು ಅದಕ್ಕೇ.

ಹೆಸರುಗಳ ಕಥೆಯೂ ಹಾಗೇ, ಅಸಲೇ ಬೇರೆ, ನಮ್ಮ ಬಾಯಲ್ಲಿ ಉಳಿದದ್ದೇ ಬೇರೆ. ವಿಡಿಯೋ ಗೇಮ್ ಪಾರ್ಲರಿನಲ್ಲಿ ನಾಣ್ಯ ಹಾಕಿ ಆಡುತ್ತಿದ್ದ, ಕ್ಯಾಪ್ಕಾಮ್ ಕಂಪನಿಯ 1993ರ ಆಟದ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್’. ಆ ಉದ್ದದ ಹೆಸರು ಯಾರ ನಾಲಗೆಗೆ ಹತ್ತೀತು? ನಾಲ್ವರು ನಾಯಕರಲ್ಲಿ ಹಳದಿ ಟೋಪಿಯವನ ಹೆಸರು ಮುಸ್ತಫಾ. ಆಟದ ಹೆಸರೂ ಮುಸ್ತಫಾ ಆಯಿತು.

2016ರಲ್ಲಿ ನಿಂಟೆಂಡೊ ತನ್ನ ಹಳೆಯ ಯಂತ್ರವನ್ನು ಅಂಗೈಯಗಲಕ್ಕೆ ಕುಗ್ಗಿಸಿ, 30 ಆಟಗಳನ್ನು ಒಳಗೇ ತುಂಬಿ, ಅಮೆರಿಕದಲ್ಲಿ ಮತ್ತೆ ಮಾರಿತು. ಕ್ಯಾಸೆಟ್ಟಿಲ್ಲ, ಊದುವುದಿಲ್ಲ, ಆಟವನ್ನು ನಡುವೆ ನಿಲ್ಲಿಸಿ ಉಳಿಸಿಕೊಳ್ಳಲೂಬಹುದು. ಆ 30ರಲ್ಲಿ ಮಾರಿಯೋ ಇದ್ದಾನೆ. ಬಾತುಕೋಳಿಯ ಆಟ ಇಲ್ಲ. ‘ಕಾಂಟ್ರಾ’ದ ಎರಡನೇ ಭಾಗ ಇದೆ, ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಕಾಡಿನಲ್ಲಿ ಓಡುತ್ತಿದ್ದ ಮೊದಲನೆಯದು ಇಲ್ಲ. ಹದ್ದನ್ನು ಕಾಯುವ ಟ್ಯಾಂಕೂ ಇಲ್ಲ. ಅವೆಲ್ಲ ಇನ್ನೂ ಒಟ್ಟಿಗೆ ಸಿಗುವುದು ಆ ಹಳದಿ ಕ್ಯಾಸೆಟ್ಟಿನಲ್ಲೇ.