ವಿಶ್ವವಿದ್ಯಾಲಯದ ಮನೆವಾರ್ತೆ



ಪರೀಕ್ಷೆಯ ಅರ್ಜಿ ತುಂಬುವ ದಿನ ನೀವು ಶುಲ್ಕ ಕಟ್ಟುತ್ತೀರಿ. ಪರೀಕ್ಷೆಗೆ ಇಷ್ಟು, ಅಂಕಪಟ್ಟಿಗೆ ಇಷ್ಟು, ಕ್ರೀಡೆಗೆ ಇಷ್ಟು, ಗ್ರಂಥಾಲಯಕ್ಕೆ ಇಷ್ಟು ಎಂದು ಅದರಲ್ಲಿ ಹಲವು ಬಾಬತ್ತುಗಳಿರುತ್ತವೆ. ಕಟ್ಟಿದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತೀರಿ. ಆದರೆ ಆ ಹಣ ಎಲ್ಲಿಗೆ ಹೋಗುತ್ತದೆ, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಯಾರು, ಯಾವ ಸಭೆಯಲ್ಲಿ ಕುಳಿತು ತೀರ್ಮಾನಿಸುತ್ತಾರೆ ಎಂದು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ಲೆಕ್ಕ ಕೇಳುವುದು ನಮ್ಮ ಜನಕ್ಕೆ ಹೊಸದೇನಲ್ಲ. ತುಮಕೂರಿನ ಅಂತರಸನಹಳ್ಳಿಯನ್ನೇ ತೆಗೆದುಕೊಳ್ಳಿ. ಅಲ್ಲಿ ಕೈಗಾರಿಕಾ ಪ್ರದೇಶವೂ ಇದೆ, ತರಕಾರಿ ಮಾರುಕಟ್ಟೆಯೂ ಇದೆ. ಟೊಮೆಟೊ ತಂದ ರೈತ ಎಷ್ಟು ತೂಕ, ಎಷ್ಟು ಕಮಿಷನ್, ಹಮಾಲಿ ಎಷ್ಟು ಎಂದು ಕೇಳಿ ತಿಳಿಯದೆ ಊರಿಗೆ ಹೊರಡುವುದಿಲ್ಲ. ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘ ವರ್ಷಕ್ಕೊಮ್ಮೆ ಮಹಾಸಭೆ ಸೇರಿದಾಗ ಜಮಾ ಖರ್ಚು ಓದಲೇಬೇಕು. ಎರಡು ಹಸು ಕಟ್ಟಿದ ಹೆಣ್ಣುಮಗಳೂ ಎದ್ದು ನಿಂತು ಪ್ರಶ್ನೆ ಕೇಳಬಹುದು. ಅದೇ ಮನೆಯ ಮಗಳು ಅಂತರಸನಹಳ್ಳಿಯಿಂದ ಬಸ್ ಹತ್ತಿ ತುಮಕೂರು ವಿಶ್ವವಿದ್ಯಾಲಯಕ್ಕೆ ಬಂದಾಗ ಮಾತ್ರ ಲೆಕ್ಕದ ವಿಚಾರ ದೊಡ್ಡವರಿಗೆ ಸೇರಿದ್ದು ಎಂದುಕೊಂಡು ಸುಮ್ಮನಾಗುತ್ತಾಳೆ. ಈ ಮೌನವನ್ನು ಸ್ವಲ್ಪ ಮುರಿಯಬೇಕೆಂಬುದೇ ಇಂದಿನ ನನ್ನ ಮಾತಿನ ಉದ್ದೇಶ.

ವಿದ್ಯೆಗೂ ದುಡ್ಡಿಗೂ ಇರುವ ನಂಟು ಬಹಳ ಹಳೆಯದು. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನವಿದೆ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಒಂದು ವಿದ್ಯಾಶಾಲೆಯನ್ನು ಕಟ್ಟಿಸಿದ. ಬೇರೆ ಬೇರೆ ಸೀಮೆಗಳಿಂದ ಬರುವ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ದೀಪದ ಎಣ್ಣೆಗೆ ಬೇರೆ ಭೂಮಿ, ಗುರುವಿನ ಜೀವನಕ್ಕೆ ಬೇರೆ ಭೂಮಿ ಬಿಟ್ಟಿದ್ದರು. ಊರಿನವರು ಮದುವೆ, ಉಪನಯನ, ಚೌಲದಂಥ ಶುಭಕಾರ್ಯ ಮಾಡಿದಾಗ ಶಾಲೆಗೆ ಇಂತಿಷ್ಟು ನಾಣ್ಯ ಕೊಡಬೇಕೆಂಬ ಕಟ್ಟುಪಾಡೂ ಇತ್ತು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಅಚ್ಚುಕಟ್ಟಾದ ಆಯವ್ಯಯ ಪತ್ರ. ದೀಪಕ್ಕೆ ಮೀಸಲಾದದ್ದು ದೀಪಕ್ಕೆ, ಗುರುವಿಗೆ ಮೀಸಲಾದದ್ದು ಗುರುವಿಗೆ. ಅದನ್ನು ಯಾರೂ ಮರೆಯದಿರಲಿ ಎಂದೇ ಕಲ್ಲಿನ ಮೇಲೆ ಬರೆಸಿದರು.

ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ ಹೆಸರನ್ನು ನೀವು ಕೇಳಿರಬಹುದು. 1058ರ ಶಾಸನದ ಪ್ರಕಾರ ಅಲ್ಲಿ ಸುಮಾರು 250 ವಿದ್ಯಾರ್ಥಿಗಳಿದ್ದರು. ಪಾಠ ಹೇಳಲು ಉಪಾಧ್ಯಾಯರಿದ್ದರು. ಪುಸ್ತಕ ಭಂಡಾರವನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರು. ಇಷ್ಟು ವಿದ್ಯಾರ್ಥಿಗಳಿಗೆ ಆರು ಮಂದಿ ಗ್ರಂಥಪಾಲಕರು! ನಿಮ್ಮ ಕಾಲೇಜಿನಲ್ಲಿ ಎಷ್ಟು ಮಂದಿ ಇದ್ದಾರೆಂದು ನಾಳೆ ಹೋಗಿ ಎಣಿಸಿ ನೋಡಿ. ನಾವು ಪದವಿ ಪ್ರದಾನ ಸಮಾರಂಭವನ್ನು ಘಟಿಕೋತ್ಸವ ಎನ್ನುವಾಗ ನೆನೆಯುವುದು ಇಂಥ ಘಟಿಕೆಗಳನ್ನೇ.

ಇಟಲಿಯ ಬೊಲೊನ್ಯದಲ್ಲಿ ಇನ್ನೊಂದು ಬಗೆ. ಮಧ್ಯಯುಗದಲ್ಲಿ ಅಲ್ಲಿನ ವಿದ್ಯಾರ್ಥಿಗಳೇ ಸಂಘ ಕಟ್ಟಿಕೊಂಡು ಅಧ್ಯಾಪಕರಿಗೆ ಹಣ ಕೊಡುತ್ತಿದ್ದರು. ಪಾಠಕ್ಕೆ ತಡವಾಗಿ ಬಂದ ಅಧ್ಯಾಪಕರಿಗೆ ದಂಡ ಹಾಕುತ್ತಿದ್ದರು. ನೀವು ಮುಗುಳ್ನಗುತ್ತಿರಬಹುದು! ಪ್ಯಾರಿಸ್ಸಿನಲ್ಲಾದರೋ ಆಡಳಿತ ಅಧ್ಯಾಪಕರ ಸಂಘದ ಕೈಯಲ್ಲಿತ್ತು. ಹೀಗೆ, ವಿದ್ಯಾಸಂಸ್ಥೆಯ ಮನೆವಾರ್ತೆಯನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ವಿಶ್ವವಿದ್ಯಾಲಯಗಳಷ್ಟೇ ಹಳೆಯದು.

ಈಗ ನಮ್ಮ ನಾಡಿಗೆ ಬರೋಣ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಬೆಂಗಳೂರು ವಿಶ್ವವಿದ್ಯಾಲಯ 1964ರಲ್ಲಿ ಸ್ಥಾಪನೆಯಾಯಿತು. ತುಮಕೂರು ಜಿಲ್ಲೆಯ ಕಾಲೇಜುಗಳು ಬೆಂಗಳೂರಿಗೆ ಸೇರಿದ್ದವು. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಪ್ರತ್ಯೇಕವಾಯಿತು. ಗುಬ್ಬಿಯ, ಕುಣಿಗಲಿನ ವಿದ್ಯಾರ್ಥಿ ಒಂದು ಅಂಕಪಟ್ಟಿ ತಿದ್ದಿಸಲು ಬೆಂಗಳೂರಿನವರೆಗೆ ಅಲೆಯುವುದು ತಪ್ಪಿತು. ಇದು ಸಣ್ಣ ಅನುಕೂಲವೇನಲ್ಲ.

ರಾಜ್ಯದ ಇಂಥ ವಿಶ್ವವಿದ್ಯಾಲಯಗಳು ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ದ ಪ್ರಕಾರ. ಅದರ ಚೌಕಟ್ಟನ್ನು ಸರಳವಾಗಿ ಹೇಳುತ್ತೇನೆ. ನಿಮ್ಮ ಪಠ್ಯಕ್ರಮವನ್ನು ರೂಪಿಸುವುದು ಅಧ್ಯಯನ ಮಂಡಳಿ. ಅದು ನಿಕಾಯದ ಮೂಲಕ ವಿದ್ಯಾವಿಷಯಕ ಪರಿಷತ್ತಿಗೆ ಬಂದು ಒಪ್ಪಿಗೆ ಪಡೆಯುತ್ತದೆ. ಹಣದ ಲೆಕ್ಕ ನೋಡುವುದು ಹಣಕಾಸು ಸಮಿತಿ. ಇವೆಲ್ಲದರ ಮೇಲೆ ಕಾರ್ಯನಿರ್ವಾಹಕ ಅಧಿಕಾರ ಹೊಂದಿರುವುದು ಸಿಂಡಿಕೇಟ್. ಅದರಲ್ಲಿ ಕುಲಪತಿಗಳು, ಸರಕಾರದ ಅಧಿಕಾರಿಗಳು, ಸರಕಾರವೂ ಕುಲಾಧಿಪತಿಗಳೂ ನಾಮಕರಣ ಮಾಡಿದವರು, ಕೆಲವು ಡೀನ್‌ಗಳು ಮುಂತಾದವರು ಇರುತ್ತಾರೆ. ವಿಭಾಗದ ಅಧ್ಯಕ್ಷತೆ ಒಬ್ಬರಲ್ಲೇ ಉಳಿಯದೆ ಹಿರಿತನದ ಪ್ರಕಾರ ಸರದಿಯಲ್ಲಿ ಬರಬೇಕು. ಯಾರೂ ಪಾಳೆಯಗಾರರಾಗಬಾರದು ಎಂಬುದು ಇದರ ಆಶಯ.

ಇನ್ನು ಹಣ ಬರುವ ದಾರಿಗಳು. ಮುಖ್ಯವಾಗಿ ಮೂರು. ಒಂದು, ರಾಜ್ಯ ಸರಕಾರದ ಅನುದಾನ. ಇದರ ಬಹುಪಾಲು ಕಾಯಂ ನೌಕರರ ಸಂಬಳಕ್ಕೂ ನಿವೃತ್ತರ ಪಿಂಚಣಿಗೂ ಹೋಗುತ್ತದೆ. ಎರಡು, ಯು.ಜಿ.ಸಿ. ಮತ್ತು ಕೇಂದ್ರದ ಯೋಜನೆಗಳ ನೆರವು. 2013ರಲ್ಲಿ ಬಂದ ರೂಸಾ, 2023ರಲ್ಲಿ ಅದರ ಮುಂದುವರಿಕೆಯಾಗಿ ಬಂದ ಪಿ.ಎಂ. ಉಷಾ ಇಂಥವು. ಈ ಹಣವನ್ನು ಗೊತ್ತುಪಡಿಸಿದ ಕೆಲಸಕ್ಕೇ ಬಳಸಬೇಕು. ಮೂರು, ಆಂತರಿಕ ಸಂಪನ್ಮೂಲ. ಎಂದರೆ ನೀವು ಕಟ್ಟುವ ಶುಲ್ಕ ಮತ್ತು ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ. ಸರಕಾರದ ಅನುದಾನ ಸಾಲದೆ ಬಂದಾಗ ಕುಲಸಚಿವರ ಕಣ್ಣು ಬೀಳುವುದು ಈ ಮೂರನೆಯ ಗಡಿಗೆಯ ಮೇಲೆ.

ಈಗ ಒಂದು ವಿಶ್ವವಿದ್ಯಾಲಯವನ್ನು ಒಡೆದು ಇನ್ನೊಂದನ್ನು ಮಾಡಿದರೆ ಏನಾಗುತ್ತದೆ, ಯೋಚಿಸಿ. ಕಾಲೇಜುಗಳು ಹೊಸ ಮನೆಗೆ ಹೋಗುತ್ತವೆ. ಅವುಗಳ ಜೊತೆ ಶುಲ್ಕವೂ ಹೋಗುತ್ತದೆ. ಆದರೆ ಹಳೆಯ ಮನೆಯ ನಿವೃತ್ತರು ಹಳೆಯ ಮನೆಯಲ್ಲೇ ಇರುತ್ತಾರೆ. ಮಂಡ್ಯ, ಹಾಸನ, ಚಾಮರಾಜನಗರಗಳು ಬೇರೆಯಾದ ಮೇಲೆ ಮೈಸೂರಿನ ತಾಯಿ ವಿಶ್ವವಿದ್ಯಾಲಯದ ಆದಾಯಕ್ಕೆ ಪೆಟ್ಟು ಬಿದ್ದದ್ದು ಹೀಗೆ. ಹೊಸ ಮನೆಯದೂ ಸುಖದ ಕಥೆಯಲ್ಲ. 2023ರಲ್ಲಿ ರಾಜ್ಯದಲ್ಲಿ ಹಲವು ಹೊಸ ವಿಶ್ವವಿದ್ಯಾಲಯಗಳು ಆರಂಭವಾದವು. ಅವುಗಳಿಗೆ ಹೆಸರು ಸಿಕ್ಕಿದಷ್ಟು ಬೇಗ ಹಣವೂ ಹುದ್ದೆಗಳೂ ಸಿಕ್ಕಲಿಲ್ಲ. ಎರಡು ವರ್ಷ ತುಂಬುವುದರೊಳಗೆ, 2025ರ ಫೆಬ್ರವರಿಯಲ್ಲಿ, ಸಚಿವ ಸಂಪುಟದ ಉಪಸಮಿತಿಯು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ಮುಂದಿಟ್ಟಿತು. ಆಯಾ ಜಿಲ್ಲೆಗಳಲ್ಲಿ ವಿರೋಧ ಎದ್ದಿತು. ತೆರೆಯುವಾಗಲೂ ಮುಚ್ಚುವಾಗಲೂ ಮಾತು ನಡೆದದ್ದು ಬಹುಮಟ್ಟಿಗೆ ವಿಧಾನಸೌಧದಲ್ಲಿ. ಪಾಠ ಹೇಳುವವರಿಗೂ ಕೇಳುವವರಿಗೂ ಸುದ್ದಿ ಪತ್ರಿಕೆಯಿಂದ ತಿಳಿಯಿತು.

ಆದರೆ ನಾನು ನಿಮ್ಮ ಗಮನವನ್ನು ಮುಖ್ಯವಾಗಿ ಸೆಳೆಯಬೇಕೆಂದಿರುವುದು ಇದಕ್ಕಿಂತ ಸದ್ದಿಲ್ಲದೆ ನಡೆಯುವ ಒಂದು ನಷ್ಟದ ಕಡೆಗೆ. ಅದು ಖಾಲಿ ಹುದ್ದೆ.

ಪ್ರಾಧ್ಯಾಪಕರೊಬ್ಬರು ನಿವೃತ್ತರಾಗುತ್ತಾರೆ. ಆ ಜಾಗ ತುಂಬಲು ಸರಕಾರದ ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಅದು ಬರುವುದು ತಡ. ಅಷ್ಟರಲ್ಲಿ ಪಾಠ ನಿಲ್ಲಬಾರದಲ್ಲ? ಅತಿಥಿ ಉಪನ್ಯಾಸಕರು ಬರುತ್ತಾರೆ. ಸಂಬಳವಲ್ಲ, ಗೌರವಧನ. ಅದೂ ಎಷ್ಟೋ ಕಡೆ ವಿಶ್ವವಿದ್ಯಾಲಯದ ಆಂತರಿಕ ಸಂಪನ್ಮೂಲದಿಂದ. ಹಲವರು ತುಂಬ ಚೆನ್ನಾಗಿ ಪಾಠ ಮಾಡುತ್ತಾರೆ. ಪಿಎಚ್.ಡಿ. ಪಡೆದು, ಹತ್ತು ಹದಿನೈದು ವರ್ಷ ದುಡಿದು ಇನ್ನೂ ಅತಿಥಿಗಳಾಗಿಯೇ ಉಳಿದವರಿದ್ದಾರೆ. ನಮ್ಮಲ್ಲಿ ಅತಿಥಿ ಎಂದರೆ ಎರಡು ದಿನ ಇದ್ದು ಹೋಗುವವನು. ಹದಿನೈದು ವರ್ಷದ ಅತಿಥಿಗೆ ಏನೆನ್ನಬೇಕೋ! 2024ರ ಜನವರಿಯಲ್ಲಿ ಸರಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಸೇವೆ ಕಾಯಂ ಮಾಡಬೇಕೆಂದು ತುಮಕೂರಿನಿಂದಲೇ ಬೆಂಗಳೂರಿಗೆ ಪಾದಯಾತ್ರೆ ಹೊರಟದ್ದು ನಿಮಗೆ ನೆನಪಿರಬಹುದು.

ಇದನ್ನು ಕೇವಲ ನೌಕರಿಯ ಪ್ರಶ್ನೆ ಎಂದುಕೊಳ್ಳಬೇಡಿ. ಆಡಳಿತದ ಚೌಕಟ್ಟನ್ನು ಈಗ ತಾನೇ ನೋಡಿದೆವಲ್ಲ, ಆ ಸಭೆಗಳಲ್ಲಿ ಅಧ್ಯಾಪಕರ ಪರವಾಗಿ ಕೂರುವುದು ಬಹುಮಟ್ಟಿಗೆ ಕಾಯಂ ಅಧ್ಯಾಪಕರು. ಒಂದು ವಿಭಾಗದಲ್ಲಿ ಕಾಯಂ ಆಗಿ ಒಬ್ಬರೇ ಉಳಿದರೆ ಸರದಿಯ ಅಧ್ಯಕ್ಷತೆಗೆ ಅರ್ಥವೇನು? ಸರದಿ ಅವರಿಂದ ಹೊರಟು ಅವರಿಗೇ ಬರುತ್ತದೆ. ಒಬ್ಬರೂ ಇಲ್ಲದಿದ್ದರೆ ಬೇರೆ ವಿಭಾಗದವರು ಪ್ರಭಾರ ವಹಿಸುತ್ತಾರೆ. ಇರುವ ನಾಲ್ಕು ಜನರೇ ಅಧ್ಯಯನ ಮಂಡಳಿಗೂ ಬೇಕು, ಪರೀಕ್ಷಾ ಕೆಲಸಕ್ಕೂ ಬೇಕು, ವಸತಿನಿಲಯಕ್ಕೂ ಬೇಕು. ಕಡತ ಓದುವುದಕ್ಕೆ ಪುರಸೊತ್ತಿಲ್ಲದವರು ಸಭೆಯಲ್ಲಿ ಪ್ರಶ್ನೆ ಕೇಳುವುದೆಂತು? ಇತ್ತ ತರಗತಿಯಲ್ಲಿ ಹೆಚ್ಚು ಹೊತ್ತು ಕಳೆಯುವ ಅತಿಥಿ ಉಪನ್ಯಾಸಕರಿಗೆ ಸಭೆಯಲ್ಲಿ ಕುರ್ಚಿಯಿಲ್ಲ. ಮಾತಾಡಿದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಎಂಬ ಅಳುಕು ಬೇರೆ.

ಹೀಗಾಗಿ ಖಾಲಿ ಹುದ್ದೆಯಿಂದ ತರಗತಿ ಮಾತ್ರ ಬಡವಾಗುವುದಿಲ್ಲ. ವಿಶ್ವವಿದ್ಯಾಲಯ ತನ್ನನ್ನು ತಾನೇ ಆಳಿಕೊಳ್ಳುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ. ಕಾನೂನನ್ನು ಯಾರೂ ತಿದ್ದಬೇಕಾಗಿಲ್ಲ, ಸ್ವಾಯತ್ತತೆಯನ್ನು ಯಾರೂ ಕಸಿದುಕೊಳ್ಳಬೇಕಾಗಿಲ್ಲ. ಕುರ್ಚಿಗಳು ಒಂದೊಂದಾಗಿ ಬರಿದಾದರೆ ಸಾಕು.

ಇದರ ಪರಿಣಾಮ ನಿಮ್ಮ ಪುಸ್ತಕದಲ್ಲೇ ಕಾಣುತ್ತದೆ. 2021ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬದಲಾಯಿತು. ನಾಲ್ಕು ವರ್ಷದೊಳಗೆ ಎರಡು ಬಾರಿ ಎಲ್ಲ ಅಧ್ಯಯನ ಮಂಡಳಿಗಳೂ ಪಠ್ಯಕ್ರಮವನ್ನು ಹೊಸದಾಗಿ ಬರೆಯಬೇಕಾಯಿತು. ಯಾವ ನೀತಿ ಒಳ್ಳೆಯದು ಎಂಬ ವಾದ ಇರಲಿ. ಇಂಥ ಕೆಲಸಕ್ಕೆ ಚರ್ಚೆ ಮಾಡುವ ಹತ್ತು ತಲೆಗಳು ಬೇಕು, ಓದಲು ಸಮಯ ಬೇಕು. ತಲೆಗಳು ಎರಡೇ ಇದ್ದಾಗ ಹಳೆಯ ಪಟ್ಟಿಗೆ ಹೊಸ ಹೊದಿಕೆ ಹಾಕುವುದೇ ಸುಲಭದ ದಾರಿಯಾಗುತ್ತದೆ.

ಹಾಗಾದರೆ ಸರಕಾರದ ಕಡೆಯ ವಾದವೇ ಇಲ್ಲವೇ? ಇದೆ. ದುಡ್ಡು ಜನರ ತೆರಿಗೆಯದು, ಅದಕ್ಕೆ ಲೆಕ್ಕ ಬೇಕು. ಅಧ್ಯಾಪಕರೆಲ್ಲರೂ ದೇವತೆಗಳಲ್ಲ. ಅವರ ಸಭೆಗಳಲ್ಲೂ ಜಾತಿ, ಗುಂಪು, ಮುಲಾಜುಗಳು ನುಸುಳಿದ್ದುಂಟು. ಆದ್ದರಿಂದ ಹೊರಗಿನ ಕಣ್ಣು ಅಗತ್ಯ. ಆದರೆ ಡಾ. ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ 1949ರಲ್ಲೇ ಒಂದು ಗೆರೆ ಎಳೆದಿತ್ತು. ಉನ್ನತ ಶಿಕ್ಷಣಕ್ಕೆ ನೆರವು ಕೊಡುವುದು ರಾಜ್ಯದ ಹೊಣೆ; ಆದರೆ ನೆರವು ಬೇರೆ, ಹಿಡಿತ ಬೇರೆ. ಕೊಠಾರಿ ಆಯೋಗವಂತೂ 1966ರಲ್ಲಿ ರಾಷ್ಟ್ರೀಯ ಆದಾಯದ ಶೇಕಡ 6ರಷ್ಟನ್ನು ಶಿಕ್ಷಣಕ್ಕೆ ಇಡಬೇಕೆಂದು ಹೇಳಿತು. ಆ ಗುರಿಯನ್ನು ದೇಶ ಇನ್ನೂ ಮುಟ್ಟಿಲ್ಲ. ಅದೇ 1966ರಲ್ಲಿ ಅಮೆರಿಕದ ಪ್ರಾಧ್ಯಾಪಕರ ಸಂಘ ಮತ್ತು ಇತರ ಸಂಸ್ಥೆಗಳು ಸೇರಿ ಒಂದು ಹೇಳಿಕೆ ರೂಪಿಸಿದವು. ಪಠ್ಯಕ್ರಮ, ಬೋಧನೆ, ಸಂಶೋಧನೆಗಳಲ್ಲಿ ಅಧ್ಯಾಪಕರ ಮಾತಿಗೆ ಮೊದಲ ಸ್ಥಾನ, ಆಯವ್ಯಯದಲ್ಲಿ ಅವರಿಗೂ ಪಾಲು ಎಂಬುದು ಅದರ ಸಾರ. ಹಣ ಕೊಡುವವರು ಲೆಕ್ಕ ಕೇಳಲಿ, ಪಾಠ ಹೇಳುವವರು ಏನು ಬೇಕೆಂದು ಹೇಳಲಿ. ಒಬ್ಬರು ಇನ್ನೊಬ್ಬರ ಕುರ್ಚಿಯಲ್ಲಿ ಕೂರಬಾರದು.

ಇದರಲ್ಲಿ ವಿದ್ಯಾರ್ಥಿಗಳಾದ ನೀವು ಏನು ಮಾಡಬಹುದು? ಗಲಾಟೆ ಮಾಡಿ ಎಂದು ನಾನು ಹೇಳುತ್ತಿಲ್ಲ. ಮೊದಲು ಓದಿ. ವಿಶ್ವವಿದ್ಯಾಲಯ ಪ್ರತಿ ವರ್ಷ ಆಯವ್ಯಯ ಸಿದ್ಧಪಡಿಸುತ್ತದೆ, ವಾರ್ಷಿಕ ವರದಿ ತರುತ್ತದೆ. ಗ್ರಂಥಾಲಯದಲ್ಲಿ ಕೇಳಿ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹತ್ತು ರೂಪಾಯಿ ಶುಲ್ಕದ ಒಂದು ಅರ್ಜಿ ಸಾಕು. ನಾಲ್ಕು ಪ್ರಶ್ನೆ ಇಟ್ಟುಕೊಂಡು ಓದಿ. ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು? ಪುಸ್ತಕಕ್ಕೂ ಪ್ರಯೋಗಾಲಯಕ್ಕೂ ಇಟ್ಟದ್ದು ಎಷ್ಟು, ಖರ್ಚಾದದ್ದು ಎಷ್ಟು? ಶುಲ್ಕದಿಂದ ಬಂದ ಹಣ ಯಾವ ಬಾಬತ್ತಿಗೆ ಹೋಯಿತು? ಅತಿಥಿ ಉಪನ್ಯಾಸಕರ ಗೌರವಧನ ತಿಂಗಳು ತಿಂಗಳು ಸಂದಾಯವಾಗುತ್ತಿದೆಯೇ? ವಾಣಿಜ್ಯ ಓದುವವರು ಇದನ್ನು ಒಂದು ಅಭ್ಯಾಸವಾಗಿಯೇ ಮಾಡಬಹುದು. ರಾಜ್ಯಶಾಸ್ತ್ರದವರು ಅಧಿನಿಯಮವನ್ನು ಓದಿ ಗೆಳೆಯರಿಗೆ ವಿವರಿಸಬಹುದು. ಲೆಕ್ಕ ತಿಳಿದು ಕೇಳಿದ ಒಂದು ಪ್ರಶ್ನೆಗೆ ಹತ್ತು ಘೋಷಣೆಗಳಿಗಿಂತ ತೂಕ ಹೆಚ್ಚು.

ತುಮಕೂರು ವಿಶ್ವವಿದ್ಯಾಲಯಕ್ಕೆ ಬಿದರಕಟ್ಟೆಯಲ್ಲಿ ಜ್ಞಾನಸಿರಿ ಎಂಬ ವಿಶಾಲವಾದ ಹೊಸ ಆವರಣವಿದೆ. ಕಟ್ಟಡ ಬೇಕು, ನಿಜ. ಆದರೆ ಕಟ್ಟಡದ ಹಣ ಒಮ್ಮೆ ಕೊಟ್ಟರೆ ಮುಗಿಯಿತು, ಅಧ್ಯಾಪಕರ ಹಣ ಪ್ರತಿ ತಿಂಗಳೂ ಕೊಡಬೇಕು. ಅದಕ್ಕೇ ಎಲ್ಲ ಕಾಲದಲ್ಲೂ ಮೊದಲನೆಯದು ಸುಲಭವಾಗಿ, ಎರಡನೆಯದು ಕಷ್ಟದಿಂದ ಬರುತ್ತದೆ. ಸಾಲೋಟಗಿಯ ನಾರಾಯಣ ಶಾಲೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ದೀಪ ಉರಿಯುವುದಕ್ಕೂ ಗುರು ಬಾಳುವುದಕ್ಕೂ ಏರ್ಪಾಡು ಮಾಡಿದ. ಸಾವಿರ ವರ್ಷದ ಹಿಂದೆ ನಮ್ಮವರಿಗೆ ಹೊಳೆದದ್ದು ನಮಗೆ ಹೊಳೆಯದೆ ಇರಬಾರದು. ಮುಂದಿನ ಬಾರಿ ಶುಲ್ಕ ಕಟ್ಟಿ ರಸೀದಿ ಪಡೆದಾಗ ನೀವು ಆ ಮನೆಯ ಅತಿಥಿಗಳಲ್ಲ, ಮನೆಯವರು ಎಂಬುದನ್ನು ನೆನಪಿಡಿ. ಮನೆಯವರು ಮನೆವಾರ್ತೆ ವಿಚಾರಿಸಿದರೆ ಯಾರೂ ತಪ್ಪು ತಿಳಿಯಬೇಕಾಗಿಲ್ಲ.